ಬಾಗಿಲಲ್ಲಿ ಆಡಿದ ಮಾತು

ಭಾನುವಾರ ಬೆಳಗಿನಿಂದ ಸಂಪತ್ ಸಿದ್ದಿ ಒಂದೇ ಪದವನ್ನು ಬಾಯಲ್ಲಿ ಹೊರಳಿಸುತ್ತಿದ್ದ. ಕುದುವಾಲ್. ಈರುಳ್ಳಿ ಹೆಚ್ಚುವಾಗ ಕುದುವಾಲ್, ಕೋಳಿಗೆ ಮಸಾಲೆ ಹಚ್ಚುವಾಗ ಕುದುವಾಲ್. ದಕ್ಷಿಣ ಸುಡಾನಿನವರ ನಮಸ್ಕಾರವಂತೆ. ಅವನು ನರ್ಸ್ ಆಗಿರುವ ವೃದ್ಧಾಶ್ರಮದ ಅಡುಗೆಮನೆಯ ಮಾಬಿಯೋರ್ ಹೇಳಿಕೊಟ್ಟದ್ದು. "ನಿಮ್ಮ ದೇಶದಲ್ಲಿ ನಮಸ್ಕಾರಕ್ಕೆ ಏನಂತಾರೆ?" ಎಂದು ಇವನು ಕೇಳಿದ್ದ, ಅವನು ಹೇಳಿದ್ದ. ಯಲ್ಲಾಪುರದ ಸಂತೆಯಲ್ಲಿ ನಾಲ್ಕು ಭಾಷೆ ಕೇಳಿಕೊಂಡು ಬೆಳೆದವನಿಗೆ ಒಂದು ದೇಶಕ್ಕೆ ಒಂದೇ ನಮಸ್ಕಾರ ಇರುತ್ತದೆಂದು ಹೇಗೆ ಅನ್ನಿಸಿತೋ! ಪ್ರೀತಿಯಲ್ಲಿ ಬಿದ್ದವರ ತಲೆ ನೆಟ್ಟಗಿರುವುದಿಲ್ಲ, ಬೇರೆ ಕಾರಣ ಹುಡುಕುವುದು ಬೇಡ.

ಪ್ರೀತಿ ದಕ್ಷಿಣ ಸುಡಾನಿನ ಚುವೋಲ್ ಎಂಬ ಹುಡುಗನ ಮೇಲೆ. ಎರಡು ವರ್ಷದಿಂದ ಇಬ್ಬರೂ ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕಿನ ಈ ಬಾಡಿಗೆ ಮನೆಯಲ್ಲಿದ್ದರು. ಕೇಳಿದವರಿಗೆ ಫ್ರೆಂಡ್ಸ್ ಎನ್ನುತ್ತಿದ್ದರು. ಮಂಚ ಒಂದೇ ಎಂಬುದನ್ನು ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಇವತ್ತು ಊಟಕ್ಕೆ ಬರುವವನು ಚುವೋಲನ ಅಣ್ಣ ಗಟ್ಕೋತ್, ಮೆಲ್ಬರ್ನಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು. ತಮ್ಮನನ್ನು ಅಪ್ಪನ ಹಾಗೆ ಸಾಕಿದವನು. ತಮ್ಮನ ಸುದ್ದಿ ಕಿವಿಗೆ ಬಿದ್ದಾಗ, ಇದು ಬಿಳಿಯರಿಂದ ಅಂಟಿದ ರೋಗ, ನಮ್ಮಲ್ಲಿ ಇಂಥವರು ಹುಟ್ಟುವುದೇ ಇಲ್ಲ ಎಂದು ಚರ್ಚಿನಲ್ಲಿ ಎದ್ದು ನಿಂತು ಕೂಗಿದವನೂ ಅವನೇ. ಆ ವಾರವೇ ಚುವೋಲ್ ಬಟ್ಟೆಯ ಚೀಲ ಎತ್ತಿಕೊಂಡು ಸಿಡ್ನಿಗೆ ಓಡಿಬಂದಿದ್ದ.

ಅಂಥವನು ತಾನಾಗಿ ಫೋನ್ ಮಾಡಿ, "ಅಮ್ಮ ಅಳುವುದನ್ನು ಇನ್ನು ನೋಡಲಾರೆ. ಬರುತ್ತೇನೆ. ಆ ನಿನ್ನ ಮನುಷ್ಯನನ್ನೂ ನೋಡುತ್ತೇನೆ," ಎಂದಿದ್ದ. ಅಂದಿನಿಂದ ಚುವೋಲನಿಗೆ ನಿದ್ದೆಯಿಲ್ಲ. ಅಣ್ಣ ಒಂದು ತುತ್ತು ಈ ಮನೆಯಲ್ಲಿ ಉಂಡರೆ ಅಮ್ಮ, ತಂಗಿ, ಊರು, ಎಲ್ಲ ವಾಪಸ್ಸು ಸಿಗುತ್ತವೆ. ಉಣ್ಣದೆ ಹೋದರೆ ಅವನಿಗೆ ಈ ಭೂಮಿಯ ಮೇಲೆ ಸಂಪತ್ ಒಬ್ಬನೇ. ಅದು ಸಂಪತ್‌ಗೂ ಗೊತ್ತಿತ್ತು, ಅದಕ್ಕೇ ಪದ ಕಲಿತದ್ದು. ಚುವೋಲನಿಗೂ ಹೇಳಿರಲಿಲ್ಲ. ಬಾಗಿಲಲ್ಲೇ ಅಣ್ಣನ ಮನಸ್ಸು ಗೆದ್ದುಬಿಡಬೇಕೆಂಬ ಆಸೆ.

ಅವರ ಅಪ್ಪನ ಕಥೆಯನ್ನು ಚುವೋಲ್ ಒಂದೇ ಸಲ ಹೇಳಿದ್ದ. ದೇಶ ಸ್ವತಂತ್ರವಾಯಿತೆಂದು ಮೆಲ್ಬರ್ನ್ ಬಿಟ್ಟು ಹಿರಿಯ ಮಗನೊಂದಿಗೆ ರಾಜಧಾನಿ ಜುಬಾಕ್ಕೆ ಮರಳಿದ ಮನುಷ್ಯ. ಎರಡು ಸಾವಿರದ ಹದಿಮೂರರ ಡಿಸೆಂಬರಿನಲ್ಲಿ ಅಲ್ಲಿನ ಎರಡು ಬುಡಕಟ್ಟುಗಳಾದ ಡಿಂಕಾಗಳಿಗೂ ನುವೇರರಿಗೂ ಹೊತ್ತಿಕೊಂಡಾಗ ಬಂದೂಕಿನವರು ಮನೆ ಮನೆಯ ಬಾಗಿಲು ತಟ್ಟಿ, ಡಿಂಕಾ ಭಾಷೆಯಲ್ಲಿ ನಮಸ್ಕಾರ ಹೇಳುತ್ತಿದ್ದರು. ಅದೇ ಭಾಷೆಯಲ್ಲಿ ತಿರುಗಿ ಹೇಳಲು ಬಾರದವನು ನುವೇರ. ಅವನನ್ನು ಅಂಗಳಕ್ಕೆ ಎಳೆಯುತ್ತಿದ್ದರು. ನುವೇರನಾದ ಇವರ ಅಪ್ಪ ತೊದಲಿದ. ಅಕ್ಕಿಮೂಟೆಗಳ ಹಿಂದೆ ಅವಿತಿದ್ದ ಗಟ್ಕೋತ್ ಬಾಗಿಲ ಆ ಮಾತನ್ನೂ ಅಂಗಳದ ಗುಂಡನ್ನೂ ಕೇಳಿಸಿಕೊಂಡ. ಅದು ಯಾವ ಪದವೆಂದು ಚುವೋಲ್ ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಗೆ ತರುವುದಿಲ್ಲ ಎಂದಷ್ಟೇ ಅಂದ. ಸಂಪತ್ ಅವನ ಬೆನ್ನು ಸವರಿದ. ಅಯ್ಯೋ ಪುಣ್ಯಾತ್ಮಾ, ಅವತ್ತು ಒಂದು ಮಾತು ಕೇಳಬಾರದಿತ್ತೇ!

ಇನ್ನು ಪಕ್ಕದ ಮನೆಯವರ ವಿಷಯ. ಲಕ್ಷ್ಮೀಶ ಹೆಗಡೆ ಮತ್ತು ಭಾಗೀರಥಿ. ಗಂಡನಿಗೆ ನಾರ್ತ್ ಸಿಡ್ನಿಯಲ್ಲಿ ಐಟಿ ಕೆಲಸ. ಇವರು ಮನೆಗೆ ಬಂದ ದಿನವೇ ಬೇಲಿಯಾಚೆಯಿಂದ ಲಕ್ಷ್ಮೀಶನ ಮಾತು ಕೇಳಿಸಿತ್ತು: "ಪಕ್ಕದ ಮನೆಗೆ ಆಫ್ರಿಕಾದವು ಬೈಂದ. ಸೈಡ್ ಗೇಟಿಗೆ ಲಾಕ್ ಹಾಕು." ಹವ್ಯಕರ ಆ ಧಾಟಿ ಸಂಪತ್‌ಗೆ ಅಮ್ಮನ ದನಿಯಷ್ಟೇ ಪರಿಚಿತ. ಅವನ ಅಪ್ಪ ಇಂಥದೇ ಮಾತಾಡುವವರ ಅಂಗಳದಲ್ಲಿ ದುಡಿದವನು. ಮೆಟ್ಟಿಲ ಕೆಳಗೆ ನಿಂತು, ಹೆಗಲ ಟವೆಲು ಕಂಕುಳಿಗೆ ಸಿಕ್ಕಿಸಿ, "ಒಡೆಯಾ" ಎಂದು ಕರೆದ ಮೇಲೆಯೇ ಅವನಿಗೆ ಬಾಯಿ ಬರುತ್ತಿದ್ದದ್ದು. ಓಟದಲ್ಲಿ ಗೆದ್ದು ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಸೇರಿದ ದಿನ ಸಂಪತ್ ತನ್ನಷ್ಟಕ್ಕೆ ಆಣೆ ಮಾಡಿದ್ದ, ಸತ್ತರೂ ಆ ಪದ ನನ್ನ ಬಾಯಿಂದ ಬರಕೂಡದು.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿದ್ದರೂ ಬೆಂಗಳೂರಿನಲ್ಲಿ ಅವನ ಗುಂಗುರು ಕೂದಲು ನೋಡಿ ಪೊಲೀಸರು ಪಾಸ್‌ಪೋರ್ಟ್ ಕೇಳುತ್ತಿದ್ದರು. ಕನ್ನಡದಲ್ಲಿ ನಾಲ್ಕು ಬೈದ ಮೇಲೆಯೇ ನಂಬುತ್ತಿದ್ದರು. ಇಲ್ಲಿ ಆಫ್ರಿಕಾದವರು ದಾರಿಯಲ್ಲಿ ನಿಲ್ಲಿಸಿ "ಬ್ರದರ್" ಎನ್ನುತ್ತಾರೆ, ಎದೆ ತಣ್ಣಗಾಗುತ್ತದೆ. ಹೀಗಿರುವಾಗ ಹೆಗಡೆಯವರಿಗೆ ತಾನೂ ಕನ್ನಡದವನೆಂದು ಹೇಳಿ ಆಗಬೇಕಾದದ್ದೇನು? ಅವರು ತನ್ನೆದುರೇ ತನ್ನನ್ನು ಆಡಿಕೊಂಡಾಗಲೂ ಅವನು ಹಲ್ಲು ಕಿರಿದು "ಗುಡ್ ಮಾರ್ನಿಂಗ್" ಎನ್ನುತ್ತಿದ್ದ.

ಮಧ್ಯಾಹ್ನ ಬೆಲ್ ಆಯಿತು. ಚುವೋಲ್ ಒಳಗೆ ಶರ್ಟ್ ಬದಲಿಸುತ್ತಿದ್ದ. ಸಂಪತ್ ಕೈ ಒರೆಸಿಕೊಂಡು ಬಾಗಿಲು ತೆಗೆದ.

ಎದುರಿಗೆ ಬಾಗಿಲ ಎತ್ತರಕ್ಕೆ ನಿಂತಿದ್ದ ಗಟ್ಕೋತ್. ಹಣೆಯ ಮೇಲೆ ಕಿವಿಯಿಂದ ಕಿವಿಗೆ ಆರು ಗೆರೆ, ನುವೇರ ಗಂಡಸಾದದ್ದಕ್ಕೆ ಕೊಯ್ದು ಮಾಡಿದ ಗುರುತು. ಹಿಂದೆ ಅವನ ಚಿಕ್ಕಪ್ಪನ ಮಗನೊಬ್ಬ. ಗಟ್ಕೋತನ ಎದೆಗೆ ಆತುಕೊಂಡು ಒಂದು ಬಟ್ಟೆಯ ಚೀಲ. ಅಮ್ಮ ಕಳಿಸಿದ ಜೋಳದ ಹಿಟ್ಟು. ಅವನು ಉಣ್ಣಲೆಂದೇ ಬಂದಿದ್ದ. ಬರಿಗೈಯಲ್ಲಿ ಬಂದಿರಲಿಲ್ಲ.

ಸಂಪತ್ ಮುಖ ತುಂಬ ನಕ್ಕ. "ಕುದುವಾಲ್!" ಎಂದ.

ಗಟ್ಕೋತನ ಮುಖದಲ್ಲಿ ಏನೂ ಉಳಿಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಸಂಪತ್ ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಕುದುವಾಲ್, ಬ್ರದರ್," ಎಂದು ಕೈ ಚಾಚಿದ.

ಚೀಲ ಕೆಳಗೆ ಬಿತ್ತು. ಮೊದಲ ಗುದ್ದು ಸಂಪತನ ಬಾಯಿಗೇ ಬಿತ್ತು, ಆ ಪದ ಬಂದ ಜಾಗಕ್ಕೆ. ಅವನು ಹಿಂದಕ್ಕೆ ಬಿದ್ದು ಟೇಬಲ್ಲಿನ ಅಂಚು ತಲೆಗೆ ಬಡಿಯಿತು. ಹಲ್ಲೊಂದು ನಾಲಿಗೆಯ ಮೇಲೆ ಉರುಳಿತು. ಎದ್ದೇಳುವಷ್ಟರಲ್ಲಿ ಗಟ್ಕೋತ್ ಅವನ ಎದೆಯ ಮೇಲಿದ್ದ.

"ಡಿಂಕಾ! ನನ್ನ ತಮ್ಮನ ಮನೆಯ ಬಾಗಿಲು ತೆಗೆಯುವವನು ಡಿಂಕಾ!"

ಚುವೋಲ್ ಅರ್ಧ ಗುಂಡಿ ಹಾಕಿದ ಶರ್ಟಿನಲ್ಲಿ ಓಡಿಬಂದ. "ಅಣ್ಣಾ, ಬಿಡು! ಅವನು ಇಂಡಿಯಾದವನು!"

"ಇಂಡಿಯಾ? ಈ ಮುಖವಾ? ಮೊದಲು ಗಂಡಸು ಅಂದೆ. ನುಂಗಿಕೊಂಡೆ. ಅಮ್ಮನಿಗಾಗಿ ನುಂಗಿಕೊಂಡೆ. ಈಗ ಅಪ್ಪನನ್ನು ಕೊಂದವರವನು. ಅದರ ಮೇಲೆ ಸುಳ್ಳು ಬೇರೆ!"

ಚುವೋಲ್ ಅಣ್ಣನನ್ನು ಹಿಂದಿನಿಂದ ತಬ್ಬಿ ಎಳೆದ. ಜತೆಗೆ ಬಂದವನು ಕಾರಿಗೆ ಓಡಿ ವ್ಹೀಲ್ ಸ್ಪ್ಯಾನರ್ ತಂದ. ತಲೆಗೆ ಬೀಳಬೇಕಾದ ಏಟಿಗೆ ಸಂಪತ್ ಬಲಗೈ ಒಡ್ಡಿದ. ಮುಂಗೈ ಮುರಿದ ಸದ್ದು ಅವನಿಗೇ ಕೇಳಿಸಿತು. ಅಷ್ಟರಲ್ಲಿ ಗಟ್ಕೋತ್ ತಮ್ಮನನ್ನು ಕೊಡವಿ, ಅಡುಗೆ ಕಟ್ಟೆಯ ಮೇಲಿದ್ದ ಈರುಳ್ಳಿ ಹೆಚ್ಚಿದ ಚಾಕು ತೆಗೆದುಕೊಂಡಿದ್ದ. ಅದು ಸಂಪತನ ಹೊಟ್ಟೆಗೆ ಬಂದದ್ದು. ನಡುವೆ ಚುವೋಲ್ ಬಿದ್ದ. ಚಾಕು ಅವನ ತೊಡೆಯೊಳಗೆ ಹಿಡಿಯವರೆಗೆ ಇಳಿಯಿತು. ಕೈಗೆ ತಗುಲಿದ್ದು ಏನೆಂದು ತಿಳಿಯದೆಯೇ ಗಟ್ಕೋತ್ ಅದನ್ನು ಕಿತ್ತ.

ರಕ್ತ ಚಿಮ್ಮಿತು, ನಿಂತಿತು, ಮತ್ತೆ ಚಿಮ್ಮಿತು. ಸಂಪತ್ ನರ್ಸ್, ಹೀಗೆ ಚಿಮ್ಮುವ ರಕ್ತಕ್ಕೆ ಎಷ್ಟು ಹೊತ್ತು ಸಿಗುತ್ತದೆಂದು ಬಲ್ಲ. ಫೋನ್ ಅಡುಗೆಮನೆಯಲ್ಲಿತ್ತು. ಅಲ್ಲಿ ಗಟ್ಕೋತ್ ಚಾಕು ಹಿಡಿದು ಕಲ್ಲಾಗಿ ನಿಂತಿದ್ದ. ಸ್ಪ್ಯಾನರಿನವನು "ನಿನ್ನಿಂದ! ನಿನ್ನಿಂದ!" ಎಂದು ಅರಚುತ್ತ ಮತ್ತೆ ಬೀಸಿದ. ಸಂಪತ್ ಅವನ ಮೊಣಕಾಲಿಗೆ ಒದ್ದು ಕೆಡವಿ, ಎಡಗೈಯಲ್ಲಿ ಚುವೋಲನ ಕಾಲರ್ ಹಿಡಿದು ಎಳೆದ. ಹೊಸ್ತಿಲು ದಾಟಿಸಿ, ಚೆಲ್ಲಿದ ಹಿಟ್ಟಿನ ಮೇಲಿಂದ, ಹುಲ್ಲಿನ ಮೇಲಿಂದ ಎಳೆದ. ಬಿಳಿ ಹಿಟ್ಟು ಕೆಂಪು ಮುದ್ದೆಯಾಗಿ ಚುವೋಲನ ಬೆನ್ನಿಗೆ ಮೆತ್ತಿಕೊಂಡಿತು. ಹತ್ತಿರವಿದ್ದದ್ದು ಹೆಗಡೆಯವರ ಬಾಗಿಲು. ಅದರ ಮೆಟ್ಟಿಲ ಮೇಲಕ್ಕೆ ಎಳೆದು ಬಾಗಿಲು ಬಡಿದ.

"ಹೆಲ್ಪ್! ಓಪನ್ ದ ಡೋರ್! ಪ್ಲೀಸ್!"

ಒಳಗೆ ಟಿವಿಯ ಸದ್ದು ನಿಂತಿತು. ಬಾಗಿಲ ಪಕ್ಕದ ಪರದೆ ಅಲುಗಿತು.

"ತೆಗ್ಯಡ, ಭಾಗೀ," ಲಕ್ಷ್ಮೀಶನ ದನಿ. "ಕರಿಯರು ತಮ್ಮತಮ್ಮಲ್ಲೇ ಹೊಡ್ಕತ್ತಾ ಇದ್ದ. ಪೊಲೀಸಿಗೆ ಫೋನ್ ಮಾಡ್ತಿ. ನಾವು ಮಧ್ಯೆ ಹೋಪ್ದು ಬ್ಯಾಡ."

ಸಂಪತ್ ಎರಡು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಒಡೆಯಿತು. "ಸರ್, ನಾನು ಕನ್ನಡದವನು! ಯಲ್ಲಾಪುರದವನು! ಇವನು ಸಾಯ್ತಾನೆ, ಬಾಗಿಲು ತೆಗೀರಿ! ಆಂಬುಲೆನ್ಸ್‌ಗೆ ಹೇಳಿ!"

ಪರದೆ ಮತ್ತೆ ಅಲುಗಿತು. ಬದುಕಿಕೊಂಡೆವು ಎಂದುಕೊಂಡ.

"ಕನ್ನಡ ಮಾತಾಡ್ತಾ ಇದ್ದಲ್ರಿ ಅಂವ!" ಇದು ಭಾಗೀರಥಿ.

"ಮೊಬೈಲಲ್ಲಿ ಎಂತದೋ ಆಪ್ ಹಾಕ್ಯಂಡು ಮಾತಾಡ್ತಾ ಇದ್ದ. ನಾವು ಯಾವ ಭಾಷೆಯವು ಅಂತ ನೋಡಿಟ್ಕಂಡಿಕ್ಕು. ಇದೆಲ್ಲ ಗ್ಯಾಂಗಿನವರ ಹೊಸ ಟ್ರಿಕ್ಕು. ತೆಗ್ಯಡ ಅಂದ್ನಲೆ!"

ಆಪ್ ಅಂತೆ! ಮುರಿದ ಕೈ, ಬಾಯಿತುಂಬ ರಕ್ತ, ಕಾಲ ಬುಡದಲ್ಲಿ ಪ್ರಾಣ ಬಿಡುತ್ತಿರುವ ಮನುಷ್ಯ, ಇವನು ಆಪ್ ಹಾಕಿಕೊಂಡಿದ್ದಾನಂತೆ. ಸಂಪತ್‌ಗೆ ನಗು ಬಂತು, ಅದು ನರಳಿದ ಹಾಗೆ ಕೇಳಿಸಿತು. ಸ್ಪ್ಯಾನರಿನವನು ಕುಂಟುತ್ತ ಹುಲ್ಲಿನ ಮೇಲೆ ಬರುತ್ತಿದ್ದ. ಚುವೋಲನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನ ಕಣ್ಣು ಸಂಪತನನ್ನೇ ನೋಡುತ್ತಿತ್ತು.

ಯಾವ ಆಪಿಗೂ ಗೊತ್ತಿಲ್ಲದ ಪದವೊಂದು ಅವನ ಬಳಿ ಇತ್ತು.

ಅವನು ಮೆಟ್ಟಿಲಿಂದ ಕೆಳಗಿಳಿದ. ಹೌದು, ಇಳಿದ. ಕಾಲು ತಾನಾಗಿ ಇಳಿಯಿತು. ಅಪ್ಪ ನಿಲ್ಲುತ್ತಿದ್ದಲ್ಲಿ ನಿಂತ. ಅಪ್ಪನ ದನಿಯೇ ಅವನ ಗಂಟಲಿನಿಂದ ಹೊರಟಿತು, ಆ ಎಳೆತ, ಕೊನೆಯಲ್ಲಿ ಬಾಗುವ ಆ ದೈನ್ಯ.

"ಒಡೆಯಾss... ಒಡೆಯಾ, ನಾ ಸಿದ್ದಿ. ನಿಮ್ಮ ಅಂಗಳದ ಸಿದ್ದಿ, ಒಡೆಯಾ. ಬಾಗ್ಲು ತೆಗೀರಾ. ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೆ."

"ಅಯ್ಯೋ! ಇಂವ ನಮ್ಮ ಬದಿಯಂವ!" ಎಂದಳು ಭಾಗೀರಥಿ. ಚಿಲಕ ಸರಿಯಿತು, ಬಾಗಿಲು ತೆರೆಯಿತು.

ಅವಳೇ ಚುವೋಲನ ಕಾಲು ಹಿಡಿದಳು. ಇಬ್ಬರೂ ಎಳೆದುಕೊಂಡು ಒಳಗೆ ಬಂದರು. ಲಕ್ಷ್ಮೀಶ ಬಾಗಿಲಿಗೆ ಅಡ್ಡಗೊಟ್ಟು ಚಿಲಕ ಹಾಕಿದ. ಮರುಕ್ಷಣವೇ ಸ್ಪ್ಯಾನರ್ ಬಾಗಿಲಿಗೆ ಬಡಿಯಿತು, ಪಕ್ಕದ ಗಾಜು ಒಡೆದು ಒಳಗೆ ಸುರಿಯಿತು. ಆಮೇಲೆ ಹೊರಗೆ ಗಟ್ಕೋತನ ದನಿ ಕೇಳಿಸಿತು. ಅವನು ಜತೆಯವನನ್ನು ಹಿಂದಕ್ಕೆಳೆದು, ಚೆಲ್ಲಿದ ಹಿಟ್ಟಿನ ನಡುವೆ ಮಂಡಿಯೂರಿ, ತಮ್ಮನ ಹೆಸರು ಹಿಡಿದು ಎದೆ ಎದೆ ಬಡಿದುಕೊಳ್ಳುತ್ತಿದ್ದ.

ಸಂಪತ್ ತನ್ನ ಬೆಲ್ಟನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ತೊಡೆಯ ಬುಡಕ್ಕೆ ಬಿಗಿದ. ಒಂದು ಕೈಯ ಬಿಗಿ ಸಾಲದು. ಗಾಯವನ್ನು ಒತ್ತಲು ಎರಡು ಕೈ ಬೇಕು, ಮೈಭಾರ ಬೇಕು. "ಅಮ್ಮಾ, ಟವೆಲ್ ಹಾಕಿ ಒತ್ತಿ. ಪೂರಾ ಭಾರ ಬಿಡಿ." ಭಾಗೀರಥಿ ಕುಳಿತು ಒತ್ತಿದಳು. ಚಿಮ್ಮುವುದು ನಿಂತಿತು. ಸಂಪತ್ ಎಡಗೈಯ ಎರಡು ಬೆರಳನ್ನು ಚುವೋಲನ ಕತ್ತಿನ ಮೇಲಿಟ್ಟ.

ಲಕ್ಷ್ಮೀಶ ಫೋನಿನಲ್ಲಿ ಅಡ್ರೆಸ್ ಹೇಳಿ ಮುಗಿಸಿ ಬಂದ. ಅವನ ಭಯ ಇಳಿಯುತ್ತಿತ್ತು, ಅದರ ಜಾಗಕ್ಕೆ ಬೇರೇನೋ ಬಂದು ಕೂರುತ್ತಿತ್ತು. "ಅಲ್ಲೋ, ಮೊದಲೇ ಹೇಳೂಕಾಗ್ತಿರ್ಲಿಲ್ವನೋ? ಯಲ್ಲಾಪುರದಲ್ಲಿ ಯಾರ ಮನೆ ಪೈಕಿ ನೀನು?"

ಸಂಪತ್ ನಾಡಿ ಎಣಿಸುತ್ತಿದ್ದ.

"ಇಂವ ನಿನಗೆ ಎಂತಾಗ್ಬೇಕು? ಇಂವನೂ ಸಿದ್ದಿಯಾ? ತಮ್ಮನಾ?"

ಹೌದು ಎಂದರೆ ಮುಗಿಯುತ್ತಿತ್ತು. ಫ್ರೆಂಡ್ ಎಂದರೂ ಮುಗಿಯುತ್ತಿತ್ತು. ಆದರೆ ಒಂದೇ ದಿನಕ್ಕೆ ಎಷ್ಟು ಸಲ ಮೆಟ್ಟಿಲು ಇಳಿಯುವುದು? ಇದಕ್ಕೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಹೆಸರಿವೆ. ಅವನಿಗೆ ತೋಚಿದ್ದು ಅಮ್ಮ ಅಪ್ಪನ ಬಗ್ಗೆ ಹೇಳುತ್ತಿದ್ದ ಮಾತು, ಭಾಗೀರಥಿ ಬೇಲಿಯಾಚೆ ಫೋನಿನಲ್ಲಿ ತನ್ನ ಗಂಡನ ಬಗ್ಗೆ ಹೇಳುವ ಮಾತು.

"ನಮ್ಮನೆಯವ್ರು," ಎಂದ.

ಲಕ್ಷ್ಮೀಶನಿಗೆ ಹೊಳೆಯಲಿಲ್ಲ. ಭಾಗೀರಥಿಗೆ ಹೊಳೆಯಿತು. ಅವಳು ಸಂಪತನ ಮುಖ ನೋಡಿದಳು, ಕೆಳಗೆ ಬಿದ್ದವನ ಮುಖ ನೋಡಿದಳು, ಬಿಸಿ ತಗುಲಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಟವೆಲ್ ಜಾರಿತು. ರಕ್ತ ಅವಳ ಮುಖಕ್ಕೇ ಹಾರಿತು. ಸಂಪತನ ಬೆರಳಡಿಯಲ್ಲಿ ನಾಡಿ ತಪ್ಪಿತು.

"ಕೈ ತೆಗೀಬೇಡ!" ಅವನು ಗದರಿದ ರಭಸಕ್ಕೆ ಲಕ್ಷ್ಮೀಶ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಸಂಪತನ ವಂಶದಲ್ಲಿ ಯಾರೂ ಅಂಥ ಮನೆಯ ಹೆಂಗಸಿಗೆ ಏಕವಚನ ಹಚ್ಚಿದವರಿಲ್ಲ. "ಒತ್ತು! ಅವನ ಮೇಲೆ ಕೈ ಇಡು, ಒತ್ತು!"

ಭಾಗೀರಥಿ ಅವನನ್ನೇ ದಿಟ್ಟಿಸಿದಳು. ಅವಳ ಗಲ್ಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಭಾಗೀ, ಎಂತಾತು?" ಎಂದ ಲಕ್ಷ್ಮೀಶ.

"ನೀವು ಸುಮ್ನಿರಿ," ಎಂದು ಅವಳು ಮುಂದಕ್ಕೆ ಬಾಗಿ, ಎರಡೂ ಅಂಗೈ ಗಾಯದ ಮೇಲಿಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

ಸಂಪತ್ ನಾಡಿಗಾಗಿ ಬೆರಳನ್ನು ಕತ್ತಿನ ಮೇಲೆ ಮತ್ತೆ ಆಡಿಸಿದ. ಸಿಗಲಿಲ್ಲ. ಸ್ವಲ್ಪ ಕೆಳಗೆ ನೋಡಿದ. ಅಲ್ಲಿತ್ತು, ಸಣ್ಣಗೆ, ಆದರೆ ಇತ್ತು. ರಸ್ತೆಯ ತಿರುವಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸುತ್ತಿತ್ತು.