ನಾಲ್ಕು ಗಂಟೆಯ ತನಕ ಬದುಕಿರಬೇಕಾದ ಸಾಕ್ಷಿ

"ಮೂರು ಮಹಡಿ! ಇವರನ್ನ ಹೆಗಲ ಮೇಲೆ ಹಾಕ್ಕೊಂಡು ಮೂರು ಮಹಡಿ ಇಳಿಸಿದವಳು ನಾನು," ಎಂದು ಮುದುಕಿ ಗಂಡನ ಪಾದದ ಮೇಲೆ ಬಿಳಿ ಹೊದಿಕೆ ಎಳೆದಳು.

ನಾದಿನಿ ಅಳು ನಿಲ್ಲಿಸಿದಳು. "ಅತ್ತಿಗೆ, ಈ ಮನೆಗಿರೋದೇ ಒಂದು ಮಹಡಿ."

"ಸರಿ, ಒಂದೇ ಅಂದ್ಕೋ. ಹೊತ್ತಿದ್ದೂ ಎದುರುಮನೆಯವನೇ. ನಾನು ಹಿಡ್ಕೊಂಡಿದ್ದು ಇವರ ಚಪ್ಪಲಿ. ಆದ್ರೆ ಆ ಚಪ್ಪಲಿ ಎಷ್ಟು ಭಾರ ಇತ್ತು ಗೊತ್ತಾ? ಅರ್ಧ ಸುಳ್ಳು, ಅರ್ಧ ನಿಜ. ನಿನಗೆ ಯಾವ ಅರ್ಧ ಬೇಕೋ ತಗೋ."

"ಅಮ್ಮಾ," ಎಂದು ಮಗಳು ಗದರಿದಳು. "ಜನ ಇದ್ದಾರೆ."

"ಇರ್ಲಿ ಬಿಡೇ. ನಲವತ್ತಾರು ವರ್ಷ ನನ್ನ ಮಾತು ಕೇಳ್ಕೊಂಡೇ ಬದುಕಿದವರು. ನಾನು ಈಗ ಸುಮ್ಮನಾದ್ರೆ ಗಾಬರಿಯಾಗಿ ಎದ್ದು ಕೂತಾರು."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ನಡುಮನೆಯ ಗಡಿಯಾರದಲ್ಲಿ ಒಂದೂವರೆ. ಶವದ ವ್ಯಾನು ಮೂರಕ್ಕೆ ಬರುವುದಿತ್ತು. ಸ್ಮಶಾನದಲ್ಲಿ ನಾಲ್ಕೂವರೆಗೆ ಹೊತ್ತು ನಿಗದಿಯಾಗಿತ್ತು.

ಆಗ ಬಾಗಿಲಲ್ಲಿ ಕೋರ್ಟಿನ ಪೇದೆ ಕಾಣಿಸಿಕೊಂಡ. ಸಾಕ್ಷಿಗಳಿಗೆ ಸಮನ್ಸ್ ತಲುಪಿಸುವುದು ಅವನ ಕೆಲಸ. ಹಿಂದೆ ಎರಡು ಸಲ ಇದೇ ಮನೆಗೆ ಬಂದು ಚಹಾ ಕುಡಿದು ಹೋಗಿದ್ದ. ಹೊಸಿಲಾಚೆಯ ಚಪ್ಪಲಿಗಳ ರಾಶಿಯನ್ನು ನೋಡಿದ. ಒಳಗೆ ಬೆಂಚಿನ ಮೇಲೆ ಮಲಗಿದ್ದವನನ್ನು ನೋಡಿದ. ಕೈಯಲ್ಲಿದ್ದ ಕಾಗದವನ್ನು ಬೆನ್ನ ಹಿಂದೆ ಸರಿಸಿದ.

"ಕೊಡಪ್ಪ, ಕೊಡು," ಅಂದಳು ಮುದುಕಿ. "ಸಾಕ್ಷಿ ಅಲ್ಲೇ ಮಲಗಿದ್ದಾರೆ. ಸಹಿ ಹಾಕಿದ್ರೆ ಹಾಕಿಸ್ಕೋ."

ಪೇದೆ ನಗಲಿಲ್ಲ. ಅವಳನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿದ.

"ಅಮ್ಮ, ಒಂದು ಉಪಕಾರ ಆಗ್ಬೇಕು. ಇವರು ತೀರಿಕೊಂಡಿದ್ದು ನಾಲ್ಕು ಗಂಟೆ ತನಕ ಯಾರಿಗೂ ತಿಳೀಬಾರದು."

"ನನ್ನ ನಾದಿನಿ ಅತ್ತಿದ್ದು ಸಮುದ್ರದಾಚೆಗೂ ಕೇಳಿಸಿದೆ ಕಣಪ್ಪ."

"ಬೀದಿಗೆ ತಿಳಿದ್ರೆ ತೊಂದ್ರೆಯಿಲ್ಲ. ಕೋರ್ಟಿಗೆ ತಿಳೀಬಾರದು. ಇವರ ಅಂಗಡಿ ದರೋಡೆ ಮಾಡಿದವನು ಇವತ್ತು ನಾಲ್ಕಕ್ಕೆ ತಪ್ಪೊಪ್ಪಿಕೊಳ್ತಾನೆ. ಎರಡೂ ಕಡೆ ವಕೀಲರು ಮಾತಾಡ್ಕೊಂಡಿದ್ದಾರೆ. ಒಪ್ಪಿಕೊಂಡ್ರೆ ಮೂರು ವರ್ಷ. ವಿಚಾರಣೆ ನಡೆದು ಸೋತರೆ ಹತ್ತು. ಅವನು ಹಿಂದೆ ಸರಿದ್ರೆ ಬೇಕಾಗುತ್ತೆ ಅಂತ ಈ ಸಮನ್ಸ್, ಅಷ್ಟೇ."

"ನಮ್ಮವರು ಹೋಗಿದ್ದಕ್ಕೂ ಅದಕ್ಕೂ ಏನು?"

"ಕಣ್ಣಾರೆ ನೋಡಿದವರು ಇವರೊಬ್ಬರೇ. ಇವರೇ ಇಲ್ಲ ಅಂತ ಗೊತ್ತಾದ್ರೆ ಅವನ ವಕೀಲ ಯಾಕೆ ಸಹಿ ಹಾಕಿಸ್ತಾನೆ? ಕೇಸು ಬಿದ್ದುಹೋಗುತ್ತೆ."

"ಅಂದ್ರೆ ನಿಜ ಏನು ಅಂತ ಯಾರೂ ಕೇಳೋದೇ ಇಲ್ವಾ?"

ಪೇದೆ ಕುತ್ತಿಗೆಯ ಬೆವರು ಒರೆಸಿಕೊಂಡ. "ದರೋಡೆ ಕೇಸು ಹತ್ತು ಬಂದ್ರೆ ಎಂಟು ಹೀಗೇ ಮಾತಾಡ್ಕೊಂಡು ಕೋರ್ಟಿನ ಹೊರಗಡೆ ಬೆಂಚಿನ ಮೇಲೇ ಮುಗಿಯುತ್ತೆ, ಅಮ್ಮ. ಒಂದು, ಸಾಕ್ಷಿ ಬರದೆ ಸತ್ತುಹೋಗುತ್ತೆ. ಉಳಿದ ಒಂದಕ್ಕೆ ಜಡ್ಜ್ ತಲೆ ಕೆಡಿಸ್ಕೊಳ್ತಾರೆ. ನಿಮ್ಮ ಯಜಮಾನರು ಹಿಡಿದುಕೊಟ್ಟ ಕಳ್ಳ ಅವನು. ಅವನು ಬಿಡುಗಡೆಯಾದ್ರೆ ನಿಮಗೇ ಸಂಕಟ ಅಲ್ವಾ?"

ಅವನು ಹೋದಮೇಲೂ ಮುದುಕಿ ಒಲೆಕಟ್ಟೆ ಹಿಡಿದು ನಿಂತೇ ಇದ್ದಳು. ಯಾರೋ ನೀರು ಕೇಳಿದರು. ಅವಳಿಗೆ ಲೋಟ ಎಲ್ಲಿದೆಯೆಂದು ನೆನಪಾಗಲಿಲ್ಲ.

*

ಔಷಧಿ ಅಂಗಡಿಯ ಕೌಂಟರಿನಲ್ಲಿ ಮುದುಕ ಮೂವತ್ತೊಂದು ವರ್ಷ ನಿಂತಿದ್ದ. ಬೀದಿಯ ಮಕ್ಕಳು ಅವನಿಗಿಟ್ಟ ಹೆಸರು 'ಇದೆ ತಾತ'. ಏನು ಕೇಳಿದರೂ "ಇದೆ, ಇದೆ" ಎನ್ನುತ್ತ ಏಣಿ ಹತ್ತುವವನು. ಕೇಳಿದ ಸಿರಪ್ಪು ಮುಗಿದಿದ್ದರೆ ಬೇರೆ ಕಂಪನಿಯ ಬಾಟಲಿ ಇಳಿಸಿ, ಧೂಳು ಒರೆಸಿ ಕೊಡುತ್ತಿದ್ದ: "ಅದರಂಥದ್ದೇ. ಅದೇ ಕೆಲಸ ಮಾಡುತ್ತೆ." ಇಲ್ಲ ಅಂದು ಒಬ್ಬ ಗಿರಾಕಿಯನ್ನೂ ಬರಿಗೈಲಿ ಕಳಿಸಿದವನಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಹೆಲ್ಮೆಟ್ಟು ಹಾಕಿಕೊಂಡೇ ಒಬ್ಬ ಒಳಬಂದ. ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿತ್ತು. ಕೌಂಟರಿನ ಮೇಲೆ ಚಾಕು ಊರಿ, ಗಲ್ಲಾಪೆಟ್ಟಿಗೆ ಬರಿದು ಮಾಡಿಕೊಂಡು ಹೋದ. ಹದಿನೈದು ದಿನದ ಮೇಲೆ ಜೈಲಿನಲ್ಲಿ ಎಂಟು ಜನರನ್ನು ಸಾಲಾಗಿ ನಿಲ್ಲಿಸಿ, ಇವರಲ್ಲಿ ಯಾರು ತೋರಿಸಿ ಅಂದರು. ಮುದುಕ ನಾಲ್ಕನೆಯವನನ್ನು ತೋರಿಸಿದ. ಅವನೊಬ್ಬ ಟೈಲ್ಸ್ ಹಾಕುವವನು.

ಕೇಸಿನ ಮೊದಲ ದಿನ ಕೋರ್ಟಿನ ನಲ್ಲಿಯ ಹತ್ತಿರ ಆ ಟೈಲ್ಸಿನವನು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದುದನ್ನು ಮುದುಕ ಕಂಡ. ಮನೆಗೆ ಬಂದು ತಟ್ಟೆಯ ಮುಂದೆ ಕೂತು, ಅನ್ನ ಕಲಸದೆಯೇ ಹೆಂಡತಿಗೆ ಹೇಳಿದ.

"ಏನೇ, ನಾನು ಮುಖ ನೋಡ್ಲೇ ಇಲ್ಲ ಕಣೇ. ಚಾಕು ನೋಡ್ತಿದ್ದೆ, ಚಾಕು ಹಿಡಿದ ಕೈ ನೋಡ್ತಿದ್ದೆ. ಮೈದಾ ಹಿಟ್ಟಿನಂಥ ನುಣ್ಣನೆ ಕೈ ಅದು. ಈ ಹುಡುಗಂದು ಸಿಮೆಂಟು ತಿಂದ ಕೈ. ಬಿರುಕಿನೊಳಗೆ ಬಿರುಕು."

"ಮತ್ತೆ ಅವನನ್ನ ಯಾಕ್ರೀ ತೋರಿಸಿದ್ರಿ?"

ಮುದುಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಎಲ್ಲರೂ ಕಾಯ್ತಾ ನಿಂತಿದ್ರು ಕಣೇ."

ಅಂದಿನಿಂದ ಮನೆಯೇ ಕೋರ್ಟಾಯಿತು. ಮುದುಕಿ ತಲೆಗೆ ಟವೆಲ್ ಸುತ್ತಿಕೊಂಡು ಕುರ್ಚಿಯ ಮೇಲೆ ಕೂತು, ಸೌಟಿನಿಂದ ಮೇಜು ಕುಟ್ಟಿ ಜಡ್ಜಾದಳು.

"ಹೂಂ, ಹೇಳಪ್ಪ ಮುದುಕಪ್ಪ. ಇವನೇನಾ ಅವನು?"

"ಅವನಂಥವನೇ ಸ್ವಾಮಿ."

"ಥೂ! ನಿಮ್ಮನ್ನೇ ಒಳಗೆ ಹಾಕ್ತೀನಿ. ಅವನಲ್ಲ ಅನ್ನಿ."

"ಅನ್ನಬೇಕು ಅಂತಲೇ ಬಾಯಿ ತೆಗೀತೀನಿ ಕಣೇ. ಬರಲ್ಲ."

ಹತ್ತು ದಿನಕ್ಕೆ ಬಂತು. ಮೊದಲು ಚಹಾದ ಲೋಟಕ್ಕೆ ಹೇಳಿದ, ಆಮೇಲೆ ಗೋಡೆಗೆ. ನಿನ್ನೆ ಸಂಜೆ ಹೆಂಡತಿಯ ಮುಖ ನೋಡಿಯೇ ಹೇಳಿದ: "ಅವನಲ್ಲ ಸ್ವಾಮಿ. ನನ್ನಿಂದ ತಪ್ಪಾಯ್ತು." ಈ ದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತ.

*

"ಅಮ್ಮ, ಇವತ್ತೊಂದಿನ ಬಿಡು," ಅಂದಳು ಮಗಳು. ಮುದುಕಿ ಅವಳನ್ನು ಬಚ್ಚಲಿನ ಬಾಗಿಲಿಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದಳು. "ಹೋದ ತಿಂಗಳು ಸಿಲಿಂಡರ್ ಸಿಡೀತು ಅಂತ ನೀನು ಫೋನ್ ಮಾಡಿದೆ. ನಾನು ಕೆಲಸ ಬಿಟ್ಟು ಓಡಿಬಂದೆ. ಸಿಡಿದಿದ್ದು ಬಲ್ಬು."

"ಬಲ್ಬು ಸಿಡಿದಿದ್ದು ನಿಜ ತಾನೇ?"

"ಅಪ್ಪ ಸುಳ್ಳು ಗುರುತು ಹಿಡಿದ್ರು ಅಂತ ಇವತ್ತು ಹೇಳ್ತೀಯಲ್ಲ, ಅವರು ಅಲ್ಲಿ ಮಲಗಿರುವಾಗ! ನಾಚಿಕೆಯಾಗಲ್ವಾ?"

ವ್ಯಾನು ಬಂದಾಗ ಮೂರು ಹತ್ತು. ಮಗಳು, ನಾದಿನಿ ಹಿಂದೆ ಶವದ ಪಕ್ಕ ಕೂತರು. ಮುದುಕಿ ಯಾರು ಎಷ್ಟು ಹೇಳಿದರೂ ಕೇಳದೆ ಡ್ರೈವರನ ಪಕ್ಕದ ಸೀಟು ಹತ್ತಿದಳು.

ಮುಂದಿನ ಸರ್ಕಲ್ಲಿನಲ್ಲಿ ಎಡಕ್ಕೆ ಸ್ಮಶಾನ, ನೇರಕ್ಕೆ ಕೋರ್ಟು. ಅಲ್ಲಿ ತನಕವೂ ವಾಹನಗಳ ಸಾಲು ಹುಳುವಿನಂತೆ ತೆವಳಿತು. ಸರ್ಕಲ್ಲು ಮುಟ್ಟಿದಾಗ ಮೂರು ಮೂವತ್ತಾರು. ಕೆಂಪು ದೀಪ.

"ನೇರ ಹೋಗಪ್ಪ."

"ಸ್ಮಶಾನ ಎಡಕ್ಕೆ ಅಜ್ಜಿ."

"ಗೊತ್ತು. ಇವರದ್ದೊಂದು ಕೊನೆಯಾಸೆ ಇತ್ತು, ಕೋರ್ಟು ನೋಡ್ಬೇಕು ಅಂತ."

"ಕೋರ್ಟು ನೋಡೋ ಆಸೆ ಯಾವ ಮನುಷ್ಯನಿಗಿರುತ್ತೆ ಅಜ್ಜಿ? ನಾಲ್ಕೂವರೆ ತಪ್ಪಿದ್ರೆ ನಾಳೆ ಬನ್ನಿ ಅಂತಾರೆ."

ಹಿಂದಿನ ಜಾಲರಿಗೆ ಮಗಳ ಮುಖ ಒತ್ತಿಕೊಂಡಿತು. "ಏನಮ್ಮ ಇದು?"

ಮುದುಕಿ ತಿರುಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು.

"ಒಂದೇ ಒಂದು ಸಲ," ಅಂದಳು ಮಗಳು, "ಏನೂ ಸೇರಿಸದೆ ಹೇಳು."

"ನಿಮ್ಮಪ್ಪ ಮುಖ ನೋಡಿರ್ಲಿಲ್ಲ."

ಮಗಳು ಕಾದಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದ ಅಮ್ಮನ ಯಾವ ಮಾತೂ ಇಷ್ಟಕ್ಕೇ ನಿಂತಿರಲಿಲ್ಲ. ಹಿಂದೆಯೇ ಆನೆ, ಬೆಂಕಿ, ಊರೆಲ್ಲ ಎದ್ದು ನಿಂತಿದ್ದು ಬರುತ್ತಿತ್ತು. ಈಗ ಏನೂ ಬರಲಿಲ್ಲ. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು.

"ನೇರ ಹೋಗಿ," ಅಂದಳು ಮಗಳು ಡ್ರೈವರನಿಗೆ.

ಕೋರ್ಟಿನ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಡ್ರೈವರ್ ಅಲ್ಲೇ ನಿಲ್ಲಿಸಿದ. ಮೂರು ಐವತ್ತೆರಡು. ಮುದುಕಿ ಇಳಿದು, ಸೀರೆ ಎತ್ತಿ ಹಿಡಿದು, ಕರಿಕೋಟುಗಳ ನಡುವೆ ನುಗ್ಗಿದಳು. ಮೊದಲ ಬಾಗಿಲಲ್ಲಿ ಗಂಡ ಹೆಂಡಿರ ಜಗಳ, ಎರಡನೆಯದಕ್ಕೆ ಬೀಗ. ಯಾರನ್ನು ಕೇಳಿದರೂ "ಕೇಸ್ ನಂಬರ್ ಎಷ್ಟು?" ಎನ್ನುತ್ತಿದ್ದರು. ಅವಳಿಗೆ ನಂಬರ್ ಗೊತ್ತಿರಲಿಲ್ಲ.

ಕೊನೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಟೈಲ್ಸಿನವನು ಕೂತಿದ್ದ. ತೊಡೆಯ ಮೇಲೆ ಕಾಗದ; ಅದನ್ನು ಹಿಡಿದಿದ್ದ ಬಿರುಕುಬಿಟ್ಟ ಸಿಮೆಂಟಿನ ಕೈಯಿಂದಲೇ ಮುದುಕಿಗೆ ಗುರುತು ಸಿಕ್ಕಿತು. ಅವನ ವಕೀಲ, ಸರ್ಕಾರ ಕೊಟ್ಟ ಎಳೆಯ ವಕೀಲ, ಬಗ್ಗಿ ಬೆರಳಿಟ್ಟು ತೋರಿಸುತ್ತಿದ್ದ.

"ಮೂರು ಕಡೆ ಸಹಿ. ಜಡ್ಜ್ ಕೇಳಿದ್ರೆ ಯಾರೂ ಬಲವಂತ ಮಾಡಿಲ್ಲ ಅನ್ನು."

"ಯಾರೂ ಬಲವಂತ ಮಾಡಿಲ್ಲ."

"ಸ್ವಲ್ಪ ಜೋರಾಗಿ."

"ಯಾರೂ ಬಲವಂತ ಮಾಡಿಲ್ಲ."

ಮೊದಲ ಸಹಿ ಆಗಿತ್ತು. ಬಾಗಿಲಲ್ಲಿ ನಿಂತಿದ್ದ ಪೇದೆ ಮುದುಕಿಯನ್ನು ಕಂಡ. ಬಾಯಿ ತೆರೆದ, ಯಾಕೋ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿ ನಿಂತ. ಒಳಗಿನಿಂದ ಕೇಸಿನ ನಂಬರ್ ಕೂಗಿದರು.

"ಯಾರಮ್ಮ ನೀವು?" ಅಂದ ವಕೀಲ. "ಆಮೇಲೆ ಬನ್ನಿ, ಈಗ ಹೊತ್ತಿಲ್ಲ."

ಮುದುಕಿ ಅವನ ಕೋಟಿನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದಳು. ಗೇಟಿನಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಮಗಳು ಅಪ್ಪನ ಪಾದದ ಮೇಲೆ ಕೈಯಿಟ್ಟು ಬಿಸಿಲಲ್ಲಿ ನಿಂತಿದ್ದಳು. ಒಳಗೆ ಬರುತ್ತಿದ್ದವರೆಲ್ಲ ಒಂದು ಹೆಜ್ಜೆ ಸರಿದು, ದನಿ ತಗ್ಗಿಸಿ ದಾಟುತ್ತಿದ್ದರು.

"ನಿನ್ನ ಕೇಸಿಗೆ ಸಾಕ್ಷಿ ಎಷ್ಟು ಜನ ಮಗಾ?"

"ಒಬ್ಬರೇ. ಔಷಧಿ ಅಂಗಡಿ ತಾತ. ಯಾಕೆ?"

ಬೆಂಚಿನ ಮೇಲೆ ಎರಡನೆಯ ಸಹಿ ಅರ್ಧಕ್ಕೆ ನಿಂತಿತ್ತು.

"ಹಾಗಾದ್ರೆ ಅಲ್ಲಿ ಮಲಗಿರೋರು ಯಾರು," ಅಂದಳು ಮುದುಕಿ, "ನೀನೇ ಹೇಳು ನೋಡೋಣ."