ಎಡಗಡೆಯ ಹಿಂದಿನ ಚಕ್ರ

ಮುರಿಯದ ಕಡಕ್ ರೊಟ್ಟಿಗೆ ಹತ್ತು ರೂಪಾಯಿ ಸಿಗುತ್ತದೆ. ಅಂಚು ಚೂರಾದರೆ ಐದು. ನಡುವೆಯೇ ಮುರಿದರೆ ಕೇಳುವವರಿಲ್ಲ, ಮೊಸರಿನಲ್ಲಿ ನೆನೆಸಿ ಮನೆಯವರೇ ತಿನ್ನಬೇಕು. ಜೋಳ, ಕಟ್ಟಿಗೆ, ಬಡಿಯುವ ಹೆಂಗಸರ ಕೂಲಿ ಮಾತ್ರ ಮೂರಕ್ಕೂ ಒಂದೇ. ಇನ್ನು ವ್ಯಾನಿನ ಒಂದು ಹೊಸ ಟೈರಿಗೆ ಮೂರೂವರೆ ಸಾವಿರ. ಹೋದ ಚಳಿಗಾಲದಲ್ಲಿ ನಮ್ಮ ರೊಟ್ಟಿಯೂ ಹಾಳಾಗುತ್ತಿತ್ತು, ಟೈರೂ ಹಾಳಾಗುತ್ತಿತ್ತು. ಎರಡಕ್ಕೂ ಒಂದೇ ಕಾರಣ ಎಂದು ನಮಗೆ ಹೊಳೆಯಲಿಲ್ಲ.

ಕಮಲಾಪುರದಲ್ಲಿ ನಮ್ಮದು ರೊಟ್ಟಿ ಕೇಂದ್ರ. ನಮ್ಮ ಹೆಂಗಸರು ನಸುಕಿನಿಂದ ರೊಟ್ಟಿ ಬಡಿದು, ಸುಟ್ಟು, ಒಲೆಯ ಬದಿಗೆ ಒಣಗಿಸುತ್ತಾರೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಪೇರಿಸಿ, ನಮ್ಮ ಹಳೆಯ ವ್ಯಾನಿನಲ್ಲಿ ಕಲಬುರಗಿಯ ಖಾನಾವಳಿಗಳಿಗೆ ಮುಟ್ಟಿಸುವುದು ನನ್ನ ಸೊಸೆ ಮಲ್ಲಿಕಾಳ ಕೆಲಸ. ಮದುವೆಯಾಗಿ ಬಂದಾಗ ಅವಳಿಗೆ ಸೈಕಲ್ಲೂ ಬರುತ್ತಿರಲಿಲ್ಲ. ತಾನೇ ಹಟ ಹಿಡಿದು ಗಾಡಿ ಕಲಿತಳು, ಲೈಸೆನ್ಸ್ ತಗೊಂಡಳು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರತಿ ಕೆಲಸಕ್ಕೂ ಗಂಡಸರ ದಾರಿ ಕಾಯುವುದು ನಿಂತಿತು. ಅದರ ಸುಖ ಎಂಥದ್ದೆಂದು ಕಾದವರಿಗೇ ಗೊತ್ತು.

ದೀಪಾವಳಿ ಕಳೆದ ಮೇಲೆ ರೊಟ್ಟಿ ಮುರಿಯತೊಡಗಿದವು. ಮೊದಲು ನಾವು ಹಿಟ್ಟನ್ನು ಬೈದೆವು. ಆಮೇಲೆ ಒಣಗಿಸಿದ್ದು ಹೆಚ್ಚಾಯಿತು ಅಂದೆವು. ಬುಟ್ಟಿಯ ತಳಕ್ಕೆ ಹಳೆಯ ಕೌದಿ ಹಾಸಿದೆವು. ಆದರೂ ಮುರಿದವು. ಆಗ ನನ್ನ ಮಗ ಅರುಣಕುಮಾರ ಒಂದು ಉಪಾಯ ತಂದ. ಅವನು ಕಲಬುರಗಿಯ ಗಂಜ್ ಮಾರುಕಟ್ಟೆಯ ತೊಗರಿ ಅಡತಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವೂ ಲಾರಿಯವರ ಮಾತು ಕೇಳುವವನು.

"ಟೈರಿನ ಹವಾ ಸ್ವಲ್ಪ ಇಳಸೋಣ ಅವ್ವಾ. ಗಾಡಿ ಮೆತ್ತಗ ಹೋಗ್ತದ. ರೊಟ್ಟಿಗಿ ಗಾದಿ ಹಾಸಿದಂಗ."

ನಮಗೆಲ್ಲ ಸರಿ ಕಂಡಿತು. ನಾಲ್ಕೂ ಚಕ್ರದ ಗಾಳಿ ಇಳಿಸಿದೆವು. ರೊಟ್ಟಿ ಮುರಿಯುವುದು ನಿಲ್ಲಲಿಲ್ಲ, ಮುಂದಿನ ಟೈರುಗಳ ಎರಡೂ ಅಂಚು ಸವೆಯತೊಡಗಿದವು. ಹಿಂದಿನದೊಂದು ಟೈರು ಮತ್ತೊಂದು ನಮೂನೆ ಕೆಟ್ಟಿತು. ಅರುಣ ಗಾಡಿಯನ್ನು ಕಲಬುರಗಿಯಲ್ಲಿ ಅಲೈನ್‌ಮೆಂಟಿಗೆ ಒಯ್ದ. ಅಲ್ಲಿಯ ಮಷೀನು ಎಲ್ಲಾ ಬರೋಬರ ಅಂದಿತು.

ಅಂದು ರಾತ್ರಿ ಊಟಕ್ಕೆ ಕೂತಾಗ ತುಳಜಾಬಾಯಿಯ ಫೋನು ಬಂತು. ಶಹಾಬಜಾರದಲ್ಲಿ ಅವಳ ಖಾನಾವಳಿ. ನಮ್ಮ ಅರ್ಧ ಮಾಲು ಹೋಗುವುದೇ ಅಲ್ಲಿಗೆ.

"ಶಿವಕಾಂತಕ್ಕ, ನೀ ರೊಟ್ಟಿ ಕಳಸ್ತಿಯೋ, ಹಪ್ಪಳದ ಚೂರು ಕಳಸ್ತಿಯೋ? ನಾಳಿ ನನ್ನ ಕಡಿ ಲಗ್ನದ ಊಟ ಅದ. ಬೀಗರ ಮುಂದ ಚೂರು ಬಡಸಲೇನು? ನಾಳಿ ಮಾಲೂ ಹಿಂಗೇ ಬಂದ್ರ, ಗಾಜಿಪುರದಾಗ ಪಂಚಶೀಲಾ ಅದಾಳ. ಅಕಿ ಕಡಿ ತಗೋತೀನಿ."

ಫೋನು ಇಟ್ಟ ಕೂಡಲೇ ಅರುಣ ಹೆಂಡತಿಯ ಕಡೆ ನೋಡಿದ.

"ಮಷೀನು ಸುಳ್ಳ ಹೇಳ್ತದೇನು? ಗಾಡಿ ಬರೋಬರ ಅದ ಅಂದ್ರ ತಪ್ಪು ಓಡಸವ್ರದು. ಒಮ್ಮಿಗೇ ಬ್ರೇಕ್ ಹಾಕ್ತಿ, ಹಂಪಿನ ಮ್ಯಾಲ ಹಾರಸ್ತಿ. ಗಂಜಿನಾಗ ಬೀರಲಿಂಗ ಅಂತ ಡ್ರೈವರ್ ಅದಾನ. ಸ್ವಾಮಾರದಿಂದ ಬಾ ಅಂತ ಹೇಳೀನಿ."

ಮಲ್ಲಿಕಾ ತಟ್ಟೆಯಿಂದ ಕೈ ತೆಗೆದಳು. "ನಾ ಹಾರಸೋದು ನೀವು ಯಾವಾಗ ನೋಡೀರಿ?"

"ನೋಡೋದೇನದ? ಟೈರೇ ಹೇಳ್ತಾವಲ್ಲ."

ಅವಳು ಎದ್ದು ಹೋಗಿ ಗಾಡಿಯ ಕೀಲಿ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ನಾನು ಆ ಕೀಲಿ ತೆಗೆದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಸ್ವಾಮಾರ ಇನ್ನಾ ಬಂದಿಲ್ಲ. ನಾಳಿ ಮಲ್ಲಿಕಾನೇ ಓಡಸ್ತಾಳ. ನಾನೂ ಹೋಗ್ತೀನಿ" ಅಂದೆ.

ಮಗನ ಮಾತು ಸುಳ್ಳು ಎಂದು ನನಗೂ ಖಾತ್ರಿ ಇರಲಿಲ್ಲ. ಮನೆಯಲ್ಲಿ ನೆಟ್ಟಗಿರುವವರು ರಸ್ತೆಗೆ ಇಳಿದಾಗ ಬೇರೆಯಾಗುತ್ತಾರೆ; ಅಂಥವರನ್ನು ನಾನು ಕಂಡಿದ್ದೇನೆ. ಅವಳ ತಪ್ಪಾದರೆ ಕೂರಿಸಿಕೊಂಡು ತಿದ್ದಬೇಕು. ಅಲ್ಲವಾದರೆ ಯಾರದ್ದೆಂದು ಕಾಣಬೇಕು. ಸೋಮವಾರ ಬೀರಲಿಂಗ ಬಂದು ಕೂತುಬಿಟ್ಟರೆ ಆ ಸೀಟು ಅವಳಿಗೆ ಮತ್ತೆ ಸಿಗುವುದಿಲ್ಲ.

ಬೆಳಿಗ್ಗೆ ಬುಟ್ಟಿ ಪೇರಿಸಿದ ಮೇಲೆ ನಾನು ಹಿಂದೆ ಹತ್ತಿ ಬುಟ್ಟಿಗಳ ನಡುವೆ ಕೂತೆ.

"ಹಿಂದ ಯಾಕ ಕುಂದ್ರತೀರಿ ಅತ್ತಿ? ಸೊಂಟ ಹಿಡೀತದ. ಮುಂದ ಬರ್ರಿ."

"ಮುಂದ ಕುಂತ್ರ ನಿನ್ನ ಮಾರಿ ಕಾಣ್ತದ. ನನಗ ರೊಟ್ಟಿ ನೋಡದದ. ನಡಿ."

ಊರು ದಾಟುವ ಮೊದಲೇ ರಸ್ತೆಗೆ ಅಡ್ಡ ಒಂದು ಹಂಪು ಬಂತು. ಮಲ್ಲಿಕಾ ಗಾಡಿಯನ್ನು ಬಹುತೇಕ ನಿಲ್ಲಿಸಿ, ಬಾಣಂತಿಯನ್ನು ಕರೆದೊಯ್ಯುವಂತೆ ದಾಟಿಸಿದಳು. ಬಲಗಡೆಯ ಬುಟ್ಟಿಗಳು ಒಮ್ಮೆ ಎದ್ದು ಕೂತವು. ಎಡಗಡೆಯವು ಎದ್ದು ಕೂತು, ಮತ್ತೆ ಎದ್ದವು, ಮತ್ತೆ ಕೂತವು. ಒಳಗಿನಿಂದ ಚಟ್ ಎಂಬ ಸದ್ದು ಬಂತು. ಅದು ರೊಟ್ಟಿ ಮುರಿಯುವ ಸದ್ದು; ನಿದ್ದೆಯಲ್ಲಿದ್ದರೂ ನಾನು ಗುರುತಿಸುತ್ತೇನೆ.

ಹೆದ್ದಾರಿ ಹತ್ತಿದ ಮೇಲೆ ರಸ್ತೆ ನುಣುಪಾಗಿತ್ತು. ಆದರೂ ನಾನು ಕೂತ ತಗಡಿನ ಎಡಭಾಗ ಮಾತ್ರ ಡಬಡಬ ಅನ್ನುತ್ತಿತ್ತು, ಯಾರೋ ಕೆಳಗಿನಿಂದ ಮುಷ್ಟಿಯಲ್ಲಿ ಗುದ್ದುತ್ತಿದ್ದ ಹಾಗೆ. ಲಾರಿಗಳು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಮಲ್ಲಿಕಾ ಯಾರ ಅವಸರಕ್ಕೂ ಬೀಳಲಿಲ್ಲ. ಬ್ರೇಕು ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಅಲ್ಲಿಗೆ ನನ್ನ ಒಂದು ಅನುಮಾನ ತೀರಿತು.

ಮಹಾಗಾಂವ ಕ್ರಾಸಿನಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಇಳಿದು ಎಡಗಡೆಯ ಹಿಂದಿನ ಚಕ್ರದ ಹತ್ತಿರ ಕೂತೆ. ಕಣ್ಣಿಗೆ ಟೈರು ಸವೆದದ್ದಷ್ಟೇ ಕಾಣುತ್ತಿತ್ತು. ನಾನು ಅಂಗೈ ಇಟ್ಟು ಸುತ್ತಲೂ ನಿಧಾನಕ್ಕೆ ಸವರಿದೆ. ರೊಟ್ಟಿ ಸಮ ಬಂತೋ ಇಲ್ಲವೋ ಎಂದು ನಾವು ನೋಡುವುದು ಕಣ್ಣಿನಿಂದಲ್ಲ, ಅಂಗೈಯಿಂದ. ಇಲ್ಲಿ ಒಂದು ತಗ್ಗು, ಮುಂದೆ ಒಂದು ಉಬ್ಬು, ಮತ್ತೆ ತಗ್ಗು. ಸುತ್ತಲೂ ಹಾಗೆಯೇ.

"ಮಲ್ಲಿಕಾ, ಇದನ್ನ ಯಾರೋ ಭಾಳ ಕೆಟ್ಟ ಬಡದಾರ ನೋಡು."

ಅವಳು ಕೂತು ಸವರಿದಳು. ಎದ್ದು ಹೋಗಿ ಬಲಗಡೆಯದನ್ನೂ ಸವರಿ ಬಂದಳು. "ಅದು ಸಪಾಟ ಅದರಿ ಅತ್ತಿ." ಮುಂದಿನ ಎರಡನ್ನೂ ನೋಡಿದಳು. "ಇವು ನಡು ದಪ್ಪ, ಅಂಚು ತೆಳ್ಳಗ. ನಾ ಮೊದಲನೇ ವರ್ಷ ಬಡದ ರೊಟ್ಟಿ ಇದ್ದಂಗ ಅದಾವ."

"ನಿನ್ನ ರೊಟ್ಟಿ ಇದಕಿಂತಾ ಕೆಟ್ಟ ಇರ್ತಿತ್ತು" ಅಂದೆ. ಹಿಂದಿನ ರಾತ್ರಿಯಿಂದ ಬಿಗಿದುಕೊಂಡಿದ್ದ ಅವಳ ಮುಖ ಸ್ವಲ್ಪ ಸಡಿಲಾಯಿತು.

ಕ್ರಾಸಿನಲ್ಲೇ ದೌಲಪ್ಪನ ಗ್ಯಾರೇಜು. ಟ್ರ್ಯಾಕ್ಟರು, ಟೆಂಪೋ ಎಲ್ಲಾ ಅವನ ಹತ್ತಿರವೇ ಬರುತ್ತವೆ. ಬಾಯಲ್ಲಿ ಎಲೆ ಅಡಿಕೆ ಇದ್ದದ್ದರಿಂದ ಅವನು ಮೊದಲು ಮಾತಾಡಲಿಲ್ಲ. ಬುಟ್ಟಿ ಇಳಿಸಲು ಹೇಳಿ, ವ್ಯಾನಿನ ಹಿಂದಿನ ಬಲ ಮೂಲೆಯ ಮೇಲೆ ಭಾರ ಹಾಕಿ ಒತ್ತಿ ಬಿಟ್ಟ. ಗಾಡಿ ಕೆಳಗೆ ಹೋಗಿ ಮೇಲೆ ಬಂದು ನಿಂತಿತು. ಎಡ ಮೂಲೆ ಒತ್ತಿ ಬಿಟ್ಟ. ಅದು ತಲೆ ಆಡಿಸುತ್ತಲೇ ಇತ್ತು.

ಎಲೆ ಉಗುಳಿ ಬಂದು ಕೆಳಗೆ ಬಾಗಿ ತೋರಿಸಿದ. ಚಕ್ರದ ಹಿಂದೆ ಒಂದು ಕೊಳವೆ, ಅದರ ಮೈತುಂಬ ಎಣ್ಣೆ ಇಳಿದು ಧೂಳು ಮೆತ್ತಿತ್ತು.

"ಇದು ಶಾಕ್ ಅಬ್ಸಾರ್ಬರ್ರಿ ಅಕ್ಕೋರ. ಸ್ಪ್ರಿಂಗಿನ ಕೆಲಸ ಕುಣಿಯೋದು, ಇದರ ಕೆಲಸ ಕುಣಿತಾ ನಿಲ್ಲಸೋದು. ಒಳಗಿನ ಎಣ್ಣಿ ಎಲ್ಲಾ ಸೋರಿ ಹೋಗ್ಯದ. ಈಗ ಚಕ್ರ ರಸ್ತಾದ ಮ್ಯಾಲ ಓಡಂಗಿಲ್ಲ, ಜಿಗೀತದ. ಬಿದ್ದಲ್ಲಿ ಟೈರು ಸವೀತದ, ಎದ್ದಲ್ಲಿ ಹಂಗೇ ಉಳೀತದ. ಅದಕ್ಕ ಈ ತಗ್ಗು ದಿಣ್ಣಿ."

"ಅಲೈನ್‌ಮೆಂಟ್ ಮಷೀನು ಬರೋಬರ ಅದ ಅಂತಲ್ರೀ" ಅಂದಳು ಮಲ್ಲಿಕಾ.

"ಖರೆನೇ ಹೇಳ್ಯದ. ಅದು ಚಕ್ರ ಸೀದಾ ಅದಾವೋ ಇಲ್ಲೋ ಅಂತ ನೋಡ್ತದ. ಜಿಗಿಯೋದು ಅದರ ಲೆಕ್ಕದಾಗಿಲ್ಲ. ಅದಿರ್ಲಿ, ಮುಂದಿನವು ಎರಡೂ ಅಂಚು ಎದಕ್ಕ ತಿಂದಾವ? ಹವಾ ಕಮ್ಮಿ ಇಟ್ಟೀರೇನು?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. "ರೊಟ್ಟಿಗಿ ಮೆತ್ತಗ ಆಗ್ಲಿ ಅಂತ ಇಳಸೀವಿ" ಅಂದೆ.

ದೌಲಪ್ಪ ನಕ್ಕ ನಗೆಗೆ ಅವನ ಹೊಟ್ಟೆಯೂ ಕುಣಿಯಿತು. "ಗಾದಿ ರೊಟ್ಟಿಗಿ ಹಾಸ್ರಿ, ಟೈರಿಗಿ ಹಾಸಬ್ಯಾಡ್ರಿ. ಹವಾ ಕಮ್ಮಿ ಆದ್ರ ನಡು ಒಳಗ ಹೋಗ್ತದ, ಅಂಚಿನ ಮ್ಯಾಲೇ ಗಾಡಿ ನಡೀತದ."

ಮಲ್ಲಿಕಾ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಅವನ ಎದುರು ನಿಂತಳು.

"ಅಣ್ಣಾರ, ಒಂದು ಮಾತು ಖರೆ ಹೇಳ್ರಿ. ನಾ ಓಡಸೋದು ಸರಿ ಇಲ್ಲಂತ ಹಿಂಗ ಆಗ್ಯದೇನು?"

"ಯಾರು ಓಡಸಿದ್ರೂ ಹಿಂಗೇ ಆಗ್ತಿತ್ತು ತಂಗಿ. ಈ ಸಾಮಾನು ಹಳೇದಾದ್ರ ಸೋರ್ತದ, ಅಷ್ಟೇ. ಖರೆ ಕೇಳ್ತಿ ಅಂದ್ರ, ಜೋರು ಓಡಸವ್ರು ಇದ್ದಿದ್ರ ಯಾವುದಾದ್ರೂ ತಿರುವಿನಾಗ ಈ ಚಕ್ರ ಜಿಗದು ಗಾಡಿ ಪಲ್ಟಿ ಹೊಡೀತಿತ್ತು."

ಅವಳು ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ನಾನು ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು, ಉಳಿದರ್ಧದಿಂದ ಮುಖ ತೊಳೆದುಕೊಂಡಳು. "ನನಗೇ ಅನುಮಾನ ಬಂದುಬಿಟ್ಟಿತ್ತು ಅತ್ತಿ. ದಿನಾ ಕೇಳಿ ಕೇಳಿ, ನಾನೇ ಹಾರಸ್ತೀನೇನೋ ಅನಸ್ತಿತ್ತು" ಅಂದಳು. ನನಗೂ ಅದೇ ಅನುಮಾನ ಇತ್ತೆಂದು ನಾನು ಹೇಳಲಿಲ್ಲ. ಹೇಳಿ ಆಗಬೇಕಾದ್ದೇನೂ ಇರಲಿಲ್ಲ.

ಒಂದನ್ನೇ ಬದಲಿಸಿದರೆ ಗಾಡಿ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ ಆಗುತ್ತದೆ ಎಂದು ದೌಲಪ್ಪ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದ. ಕೆಟ್ಟ ಟೈರು ತೆಗೆದು ಸ್ಟೆಪ್ನಿ ಹಾಕಿದ. ಆ ಟೈರನ್ನೂ ಸೋರಿದ ಕೊಳವೆಯನ್ನೂ ನಾನು ಗಾಡಿಯಲ್ಲೇ ಇಡಿಸಿಕೊಂಡೆ. ನಾಲ್ಕಕ್ಕೂ ಸರಿಯಾಗಿ ಗಾಳಿ ತುಂಬಿದ. ಮುಂದಿನವು ಇನ್ನೂ ಸ್ವಲ್ಪ ದಿನ ಬರುತ್ತವೆ, ಮಳೆಗಾಲದೊಳಗೆ ಬದಲಿಸಿರಿ ಅಂದ. ಅಷ್ಟರಲ್ಲಿ ತುಳಜಾಬಾಯಿಯಿಂದ ಎರಡು ಸಲ ಫೋನು ಬಂದು ಹೋಗಿತ್ತು. ನಾನು ಎತ್ತಲಿಲ್ಲ. ಎತ್ತಿದರೆ ಬೈಗುಳ ಕೇಳುತ್ತಾ ಇನ್ನಷ್ಟು ತಡವಾಗುತ್ತಿತ್ತು.

ಹೊರಡುವ ಮೊದಲು ಎಡಗಡೆಯ ಬುಟ್ಟಿಗಳನ್ನು ಬಿಚ್ಚಿ, ಅಲ್ಲಿಯವರೆಗೆ ಮುರಿದಿದ್ದ ರೊಟ್ಟಿಗಳನ್ನೆಲ್ಲ ಬೇರೆ ಚೀಲಕ್ಕೆ ಹಾಕಿದೆ. ಮತ್ತೆ ಹಿಂದೆಯೇ ಕೂತೆ. ಕಲಬುರಗಿ ಹತ್ತಿರವಾದಂತೆ ಹಂಪುಗಳು ಹೆಚ್ಚಾದವು. ಪ್ರತಿ ಹಂಪಿಗೂ ಎರಡೂ ಕಡೆಯ ಬುಟ್ಟಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಕೂತವು. ನಾನು ಕಿವಿಗೊಟ್ಟೇ ಇದ್ದೆ. ಚಟ್ ಎಂಬ ಸದ್ದು ಬರಲಿಲ್ಲ. ಶಹಾಬಜಾರದ ಗಲ್ಲಿಯ ಕಲ್ಲುಗಳ ಮೇಲೂ ಬರಲಿಲ್ಲ.

ತುಳಜಾಬಾಯಿ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಲಗ್ನ ಮುಗದು ಕೂಸು ಆದ ಮ್ಯಾಲ ಬರಬೇಕಾಗಿತ್ತು" ಅಂದಳು. ಮಲ್ಲಿಕಾ ಎಡಗಡೆಯ ಬುಟ್ಟಿಯನ್ನೇ ಮೊದಲು ತಂದು ಅವಳ ಮುಂದೆ ಇಟ್ಟು ಬಟ್ಟೆ ಬಿಚ್ಚಿದಳು. ತುಳಜಾಬಾಯಿ ಮೇಲಿನದು ಎತ್ತಿದಳು, ನಡುವಿನದು ಎಳೆದಳು, ತಳಕ್ಕೆ ಕೈ ಹಾಕಿದಳು. ಎಲ್ಲಾ ಇಡೀ ಇದ್ದವು.

"ಆ ಚೀಲದಾಗೇನು?"

"ಮಹಾಗಾಂವ ತನಕ ಮುರದವು. ಅಲ್ಲಿಂದ ಈಕಡಿ ಒಂದೂ ಮುರದಿಲ್ರಿ" ಅಂದಳು ಮಲ್ಲಿಕಾ.

ತುಳಜಾಬಾಯಿ ಇನ್ನೊಂದು ಸಲ ತಳಕ್ಕೆ ಕೈ ಹಾಕಿ ನೋಡಿ, ಒಳಗೆ ಹೊರಳಿ ಕೂಗಿದಳು: "ಎರಡು ಛಾ ಮಾಡ್ರಿ. ಇವ್ರ ಮಾರಿ ನೋಡಿದ್ರ ನಾಷ್ಟಾನೂ ಆಗಿಲ್ಲ ಕಾಣ್ತದ."

ಚಹಾ ಕುಡಿಯುವಾಗ ಅರುಣನಿಗೆ ಫೋನು ಮಾಡಿ ಕರೆಸಿದೆ. ಗಂಜಿನಿಂದ ಬೈಕಿನಲ್ಲಿ ಬಂದ. ನಾನು ಆ ಹಳೆಯ ಟೈರನ್ನು ಇಳಿಸಿ ಅವನ ಅಂಗೈ ಹಿಡಿದು ಸವರಿಸಿದೆ. ಎಣ್ಣೆ ಸೋರಿದ ಕೊಳವೆ ತೋರಿಸಿದೆ. ಅವನು ದಡ್ಡನಲ್ಲ. ವ್ಯಾನಿನ ಮೂಲೆ ತಾನೇ ಒತ್ತಿ ಬಿಟ್ಟು ನೋಡಿದ, ಆಮೇಲೆ ಮುಂದಿನ ಟೈರುಗಳ ಅಂಚನ್ನೂ ಸವರಿದ.

"ಹವಾ ಇಳಸಿದ್ದು ನಾನೇ" ಅಂದ.

"ಇಳಸಾಕ ನಾವೂ ಹೂಂ ಅಂದೀವಿ" ಅಂದೆ.

ಅವನು ಹೆಂಡತಿಯ ಕಡೆ ತಿರುಗಿದ. "ಬೀರಲಿಂಗಗ ಬರಬ್ಯಾಡ ಅಂತ ಹೇಳ್ತೀನಿ."

"ಬರ್ಲಿ ಬಿಡ್ರಿ" ಅಂದಳು ಮಲ್ಲಿಕಾ. "ಬುಟ್ಟಿ ಹೊರಲಾಕ ಒಬ್ಬರು ಬೇಕಾಗ್ಯಾರ."

ತುಳಜಾಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಕೈಯಲ್ಲಿದ್ದ ಚಹಾ ಚೆಲ್ಲುವಂತೆ ನಕ್ಕಳು. ಅರುಣನೂ ನಕ್ಕ, ಸ್ವಲ್ಪ ತಡವಾಗಿ.

ಮಲ್ಲಿಕಾಳಿಗೆ ಕೀಲಿ ಕೊಡಲೆಂದು ನಾನು ಸೊಂಟಕ್ಕೆ ಕೈ ಹಾಕಿದೆ. ಕೀಲಿ ಅಲ್ಲಿರಲಿಲ್ಲ, ಬೆಳಗಿನಿಂದ ಗಾಡಿಯಲ್ಲೇ ಇತ್ತು. ಅವಳು ಹೋಗಿ ಸೀಟಿನಲ್ಲಿ ಕೂತಳು. ನಾನು ಈ ಸಲ ಮುಂದೆ ಕೂತೆ.

ಮೂರು ಟೈರು ಹೋದವು, ಒಂದು ಚಳಿಗಾಲದ ಲಾಭ ಹೋಯಿತು. ತುಳಜಾಬಾಯಿಯ ಖಾನಾವಳಿ ಕೈತಪ್ಪಲಿಲ್ಲ. ಗಾಡಿ ಓಡಿಸುವ ಕೆಲಸ ಮಲ್ಲಿಕಾಳಿಗೇ ಉಳಿಯಿತು.