ಮುದುರುವ ರೆಕ್ಕೆಯ ಟಿಲರಿ

ಆರ್ಲೊ ಟಿಲರಿಯ ರೆಕ್ಕೆಯ ಪರಿಚಯ ನನಗೆ ಮೊದಲು ಆದದ್ದು ಕಣ್ಣಿನಿಂದಲ್ಲ. ಅವನ ಮನೆಗೆ ಪ್ರಥಮ ಬಾರಿ ಊಟಕ್ಕೆ ಹೋದ ದಿನ, ಸೋಫಾದ ಮೇಲೆ ಬಿದ್ದಿದ್ದ ಚೆರ್ರಿಹಣ್ಣಿನ ಚಿತ್ರದ, ಮೇಜಿಗೆ ಹಾಸುವಂಥ ಮೇಣಬಟ್ಟೆಯನ್ನು ಯಾವುದೋ ಹೊದಿಕೆಯೆಂದು ಬಗೆದು, ಇನ್ನೂರ ಹದಿನೆಂಟು ಪೌಂಡಿನ ನನ್ನ ದೇಹವನ್ನು ಅದರ ಮೇಲೆ ನೆಮ್ಮದಿಯಾಗಿ ಇಳಿಸಿಬಿಟ್ಟೆ. ಏಡಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಅವನ ಹೆಂಡತಿ ಹೆಸ್ಟರ್ ಅಲ್ಲಿಯೇ ನಿಂತಳು.

"ನಾಲ್ಕು ವರ್ಷದ ಕೆಲಸ ಕಣ್ರೀ ಅದು!"

ನಾನು ಕೆಂಪಾಗಿ, ಬೆವತು, ಏಳಲು ಹವಣಿಸುತ್ತಿರುವಾಗ ಟಿಲರಿ ಓಡಿ ಬಂದ. "ಏಳ್ಬೇಡ, ಏಳ್ಬೇಡ, ಹಾಗೇ ಕೂತಿರು ಹೋರೇಸ್. ತೂಕ ಎಷ್ಟು ನಿಂದು?"

"ನೂರ ತೊಂಬತ್ತು," ಎಂದೆ.

ಅವನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿ, ಇನ್ನೂರ ಹದಿನೆಂಟು ಎಂದು ಬರೆದುಕೊಂಡ. ಆಮೇಲೆ ಬಟ್ಟೆಯನ್ನು ನನ್ನಡಿಯಿಂದ ಎಳೆದು, ಒಂದೇ ಸಲ ಒದರಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕೂರಿಸಿದ್ದ ದೈತ್ಯ ಫ್ಯಾನಿನ ಮುಂದೆ ಹಿಡಿದ. ಕಡ್ಡಿಯಿಲ್ಲದ, ಮೂಳೆಯಿಲ್ಲದ ಆ ತ್ರಿಕೋನ ಗಾಳಿ ಕುಡಿದು ಎಡಬಲಕ್ಕೆ ಎರಡು ಕಮಾನಾಗಿ ಉಬ್ಬಿ, ತನ್ನ ದಾರಗಳನ್ನು ಬಿಗಿ ಎಳೆದು, ಛಾವಣಿಯವರೆಗೆ ಏರಿ ಅಲ್ಲಿ ತೂಗುತ್ತ ನಿಂತಿತು.

"ಬೇರೆ ಯಾರ ರೆಕ್ಕೆ ಮೇಲಾದ್ರೂ ಹೀಗೆ ಕೂತು ನೋಡು," ಎಂದ. ಕ್ಷಮಾಪಣೆ ಕೇಳಬೇಕಾಗಿದ್ದ ನಾನು ಅಂದು ಒಂದು ವೈಜ್ಞಾನಿಕ ಪ್ರಯೋಗದ ಅಂಗವಾಗಿ ಏಡಿ ತಿಂದು ಮನೆಗೆ ಮರಳಿದೆ.

ಕೊಲ್ಲಿಯ ದಡದ ಸರ್ಕಾರಿ ಪ್ರಯೋಗಾಲಯದಲ್ಲಿ ನಮ್ಮಿಬ್ಬರ ಉದ್ಯೋಗ. ಅವನು ಎಂಜಿನಿಯರು; ನಾನು ಎಂಜಿನಿಯರುಗಳು ಬರೆದದ್ದನ್ನು ಸಭ್ಯ ಭಾಷೆಗೆ ತಂದು ವರದಿಯಾಗಿ ಅಚ್ಚಿಗೆ ಕಳಿಸುವವನು. ಆ ವರದಿಗಳು ನೀಲಿ ರಟ್ಟಿನ ಅಂಗಿ ತೊಟ್ಟು ಕಪಾಟಿನಲ್ಲಿ ಚಿರನಿದ್ರೆಗೆ ಜಾರುತ್ತಿದ್ದವು. ಕ್ಯಾಂಟೀನಿನಲ್ಲಿ ಟಿಲರಿ ದಿನವೂ ಚುಚ್ಚುತ್ತಿದ್ದ: "ಹೋರೇಸ್, ನೀನು ತಿದ್ದೋದನ್ನ ಓದೋನು ಇನ್ನೂ ಹುಟ್ಟಿಲ್ಲ ಮಾರಾಯ."

"ಬರೆಯೋನು ಹುಟ್ಟಿದ್ದೇ ನನ್ನ ಗ್ರಹಚಾರ," ಎನ್ನುತ್ತಿದ್ದೆ.

ಅವನ ನಡಿಗೆಯನ್ನು ಕಂಡವರು ಕುಡಿದಿದ್ದಾನೆಂದೇ ತಿಳಿಯುತ್ತಿದ್ದರು. ಗಾಳಿಗೆ ಎದುರಾಗಿ ಹೋಗಬೇಕಾದಾಗ ಹಾಯಿದೋಣಿಯಂತೆ ಓರೆಯಾಗಿ ಆ ಬದಿಗೊಮ್ಮೆ ಈ ಬದಿಗೊಮ್ಮೆ ಸಾಗುತ್ತಿದ್ದ. ರಸ್ತೆ ದಾಟುವ ಮುನ್ನ ಬೆರಳನ್ನು ನಾಲಿಗೆಗೆ ತಾಗಿಸಿ ಎತ್ತಿ ಹಿಡಿಯುತ್ತಿದ್ದ. ಬೇಸಗೆಯಲ್ಲೂ ಬಿಡದೆ ತೊಡುತ್ತಿದ್ದ ಕಂದು ಕೋಟಿನ ಜೇಬುಗಳಿಂದ ಸದಾ ದಾರಗಳು ಜೋತಾಡುತ್ತ, ಮನುಷ್ಯನ ಹೊಲಿಗೆಯೇ ಬಿಚ್ಚಿಹೋಗುತ್ತಿದೆಯೇನೋ ಎಂಬ ಆತಂಕ ನೋಡುವವರಿಗೆ ಹುಟ್ಟುತ್ತಿತ್ತು. ಹೊಸ ವಸ್ತು ಯಾವುದನ್ನು ಕಂಡರೂ, ಅದು ಕಾರಾಗಲಿ, ಪಿಯಾನೋ ಆಗಲಿ, ಅವನ ಮೊದಲ ಪ್ರಶ್ನೆ ಒಂದೇ: "ಇದನ್ನ ಮುದುರಬಹುದಾ?" ಚರ್ಚಿನ ಗೋಪುರವನ್ನು ನೋಡಿಯೂ ಹಾಗೆ ಕೇಳಿ ಪಾದ್ರಿಯ ಮುನಿಸಿಗೆ ಗುರಿಯಾಗಿದ್ದ.

ಪ್ರಯೋಗಾಲಯದ ಗಾಳಿಸುರಂಗಗಳು ಲೋಹದ ವಿಮಾನಗಳಿಗೆ ಮೀಸಲು. ಮೇಜುಬಟ್ಟೆಗೆ ಅಲ್ಲಿ ಪ್ರವೇಶವಿರಲಿಲ್ಲ. ಆದ್ದರಿಂದ ಅವನು ಮನೆಯನ್ನೇ ಗಾಳಿಸುರಂಗ ಮಾಡಿಕೊಂಡ. ಕತ್ತರಿಸಿ ಹೊಲಿದವಳು ಹೆಸ್ಟರ್. "ಬೇರೆ ಗಂಡಂದಿರು ಮೇಜಿಗೆ ಬಟ್ಟೆ ತಂದ್ಕೊಡ್ತಾರೆ, ನನ್ನೋನು ಇದ್ದದ್ದನ್ನೂ ಹಾರಿಸ್ತಾನೆ," ಎಂದು ದೂರುತ್ತಲೇ ಮುಂದಿನ ಅಂಚನ್ನು ಮಡಿಸಿ ಹೊಲಿಗೆಯಂತ್ರಕ್ಕೆ ಕೊಡುತ್ತಿದ್ದಳು.

ಹೀಗೆ ಹತ್ತು ವರ್ಷ ನಗೆಪಾಟಲಾಗಿದ್ದ ಬಟ್ಟೆಗೆ, ರಷ್ಯದವರು ಆಕಾಶಕ್ಕೆ ಮನುಷ್ಯನನ್ನು ಕಳಿಸಿದ ಮೇಲೆ, ಒಮ್ಮೆಗೇ ಮರ್ಯಾದೆ ಬಂತು. ನಮ್ಮವರಿಗೂ ಮೇಲೇರುವ ಹಾದಿ ಸಿಕ್ಕಿತ್ತು. ಇಳಿಯುವ ಹಾದಿಯೇ ಚಿಂತೆ. ದುಂಡು ಪ್ಯಾರಾಶೂಟಿನಲ್ಲಿ ಗಗನನೌಕೆ ಗಾಳಿ ಒಯ್ದತ್ತ ಹೋಗಿ ಸಮುದ್ರಕ್ಕೆ ಬೀಳುತ್ತದೆ. ಒಳಗಿರುವವನನ್ನು ಎತ್ತಿಕೊಳ್ಳಲು ಹಡಗಿನ ದಂಡೇ ಕಾದಿರಬೇಕು. ಟಿಲರಿಯ ರೆಕ್ಕೆಯಾದರೋ ನೌಕೆಯ ನೆತ್ತಿಯ ಡಬ್ಬಿಯೊಳಗೆ ಮುದುರಿ ಕೂತಿದ್ದು, ಕೊನೆಗಳಿಗೆಯಲ್ಲಿ ಅರಳಿ, ಮನುಷ್ಯ ತಾನೇ ನಡೆಸಿಕೊಂಡು ಬಂದು ಒಣನೆಲದ ಮೇಲೆ ಇಳಿಯುವಂತೆ ಮಾಡುತ್ತದೆ. ಇಳಿಯುವ ಉಪಾಯವನ್ನು ಆರಿಸಲು ಸರ್ಕಾರ ನೇಮಿಸಿದ್ದ ಸಮಿತಿ ಮೂರು ಪರೀಕ್ಷೆಗಳಿಗೆ ಒಪ್ಪಿತು. ಮೂರರಲ್ಲೂ ಅರಳಿದರೆ ರೆಕ್ಕೆ. ಇಲ್ಲವಾದರೆ ದುಂಡು ಪ್ಯಾರಾಶೂಟು, ಮತ್ತೆ ಆ ಮಾತೇ ಇಲ್ಲ.

ಆ ತಿಂಗಳುಗಳಲ್ಲಿ ಟಿಲರಿ ಸೊರಗಿದ. ಬ್ರೆಡ್ಡನ್ನು ಚೂರುಮಾಡಿ ತಿನ್ನದೆ ಬಿಡುತ್ತಿದ್ದ. ಒಂದೇ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಪಶ್ಚಿಮದ ಉಪ್ಪಿನ ಬಯಲಿನಲ್ಲಿ ನಡೆದ ಮೊದಲೆರಡು ಪರೀಕ್ಷೆಗಳಲ್ಲಿ ರೆಕ್ಕೆ ಹೂವಿನಂತೆ ಅರಳಿತು. ಎರಡು ಸಲವೂ ಅದನ್ನು ಡಬ್ಬಿಗೆ ತುಂಬಿದವನು ಅವನೇ. ಸಮಿತಿಯವರು ಅಲ್ಲಿಯೇ ತಗಾದೆ ತೆಗೆದರು: "ಪ್ರತಿ ಸಲವೂ ನೌಕೆ ಜೊತೆ ಇವರನ್ನೂ ಕಳಿಸಕ್ಕಾಗುತ್ತಾ? ವರದೀಲಿ ಇರೋದನ್ನ ನೋಡ್ಕೊಂಡು ಬೇರೆಯವರು ತುಂಬಲಿ, ಆಗ ನಂಬ್ತೀವಿ."

ಸರಿ, ಟಿಲರಿ ಸೂಚನೆಗಳನ್ನು ಬರೆದುಕೊಟ್ಟ, ನಾನು ತಿದ್ದಿದೆ, ನೀಲಿ ರಟ್ಟು ಬಿತ್ತು. ಮೂರನೆಯ ಪರೀಕ್ಷೆಗೆ, ಟಿಪ್ಪಣಿ ಬರೆದುಕೊಳ್ಳಲೆಂದು, ನಾನೂ ಹೋದೆ.

ಬೆಳಿಗ್ಗೆ ಪ್ಯಾರಾಶೂಟ್ ಮಡಿಸುವವರ ಶೆಡ್ಡಿಗೆ ಇಣುಕಿದೆ. ಅಲ್ಲಿಯ ಮುಖ್ಯಸ್ಥ ಗ್ರೇಡಿ, ಇಪ್ಪತ್ತು ವರ್ಷ ಸೈನಿಕರ ಪ್ಯಾರಾಶೂಟು ಮಡಿಸಿದವನು. ಒಂದು ನೆರಿಗೆ ಸೊಟ್ಟಗಾದರೆ ಆ ದಿನ ಊಟ ಬಿಡುವವನು. ಡಬ್ಬಿ ಆಗಲೇ ಹೆಲಿಕಾಪ್ಟರಿನತ್ತ ಹೊರಟಿತ್ತು. "ನೀವು ನೋಡ್ಬೇಕಿತ್ತು ಸಾರ್," ಎಂದ ಕಣ್ಣರಳಿಸಿ. "ಮದುವೆ ಅಂಗಿಗೂ ಹಂಗೆ ಇಸ್ತ್ರಿ ಬಿದ್ದಿರಲ್ಲ. ಅಳತೆಪಟ್ಟಿ ಇಟ್ಟು ಒತ್ತಿದೀವಿ. ಪುಸ್ತಕದಲ್ಲಿರೋ ಹಂಗೇ, ಅಕ್ಷರ ತಪ್ಪಿಲ್ಲ."

ಗೋಡೆಯ ಮೇಲೆ ಎಂಟನೆಯ ಪುಟವನ್ನು ಮೊಳೆ ಹೊಡೆದು ತೂಗುಹಾಕಿದ್ದರು. "ರೆಕ್ಕೆಯನ್ನು ಸರ್ವವಿಧದ ಜಾಗರೂಕತೆಯಿಂದ, ಸಮಾನಾಂತರದ ಸುದೃಢ ನೆರಿಗೆಗಳು ಮೂಡುವಂತೆ ಮಡಿಚತಕ್ಕದ್ದು." ಒಳ್ಳೆಯ ವಾಕ್ಯ, ನನ್ನದು. ಟಿಲರಿ ಬರೆದಿದ್ದದ್ದು, "ಅಡುಗೆಮನೆಯ ಒರೆಸುಬಟ್ಟೆಯನ್ನು ಸಿಟ್ಟಿನಿಂದ ಡ್ರಾಯರಿಗೆ ತುರುಕುವ ಹಾಗೆ ತುರುಕಿ." ಸರ್ಕಾರಿ ವರದಿಯಲ್ಲಿ ಒರೆಸುಬಟ್ಟೆಯೇ? ಸಿಟ್ಟೇ? ಪ್ರಯೋಗಾಲಯದ ಗೌರವ ಉಳಿಸಿದೆನೆಂಬ ಹೆಮ್ಮೆಯಿಂದ, ಅವನನ್ನು ಒಂದು ಮಾತೂ ಕೇಳದೆ, ಅಳಿಸಿ ಹಾಕಿದ್ದೆ.

ಶೆಡ್ಡಿನಿಂದ ಬಯಲಿಗೆ ನಾನು ಓಡಿದೆ. ಟಿಲರಿ ಒದ್ದೆ ಬೆರಳನ್ನೆತ್ತಿ ನಿಂತಿದ್ದ. ಹೆಲಿಕಾಪ್ಟರಿನ ಅಲಗುಗಳು ಇನ್ನೂ ನಿಧಾನಕ್ಕೆ ತಿರುಗುತ್ತಿದ್ದವು.

"ಆರ್ಲೊ, ಅಕಸ್ಮಾತ್ ಅದನ್ನ ತುಂಬಾ ನೀಟಾಗಿ ಮಡಿಚಿಟ್ರೆ ಏನಾಗುತ್ತೆ?"

"ಅಂಟ್ಕೊಳುತ್ತೆ. ಮೇಲಿನ ಚಳಿಗೆ ಪದರಕ್ಕೆ ಪದರ ಹಿಡ್ಕೊಂಡ್ಬಿಡುತ್ತೆ. ಮುದುರಿದ್ರೆ ಒಳಗೆ ಗಾಳಿ ಇರುತ್ತೆ, ಒದರ್ಕೊಂಡು ಎದ್ದೇಳುತ್ತೆ. ಯಾಕೆ?"

ಹತ್ತು ನಿಮಿಷ ಸಮಯವಿತ್ತು. ಒಂದು ಕೈ ಬೀಸಿದ್ದರೆ ಹೆಲಿಕಾಪ್ಟರು ನಿಲ್ಲುತ್ತಿತ್ತು. ಸಮಿತಿಯವರು ಹತ್ತು ಹೆಜ್ಜೆ ದೂರದಲ್ಲಿ ಟೋಪಿ ಹಿಡಿದು ನಿಂತಿದ್ದರು.

"ಸುಮ್ನೆ ಕೇಳ್ದೆ," ಎಂದೆ.

ನನ್ನ ದೇಹದ ಗಾತ್ರಕ್ಕೆ ಹೋಲಿಸಿದರೆ ನನ್ನ ಧೈರ್ಯ ಎಷ್ಟು ಕೃಶವೆಂಬುದು ಅಂದು ನನಗೆ ಖಚಿತವಾಯಿತು. ಹೆಲಿಕಾಪ್ಟರು ಏರಿತು, ಏರಿತು, ಚುಕ್ಕಿಯಾಯಿತು. ಚುಕ್ಕಿಯಿಂದ ಇನ್ನೊಂದು ಚುಕ್ಕಿ, ಒಳಗೆ ಆಳಿಲ್ಲದ ಮಾದರಿ ನೌಕೆ, ಕಳಚಿತು. ಟಿಲರಿಯ ತುಟಿ ಎಣಿಸುತ್ತಿತ್ತು: ಒಂದು, ಎರಡು, ಮೂರು. ನಾಲ್ಕಕ್ಕೆ ಅರಳಬೇಕು. ನಾಲ್ಕಕ್ಕೆ ರೆಕ್ಕೆಯ ಎಡಗಡೆಯ ಕಮಾನು ಉಬ್ಬಿತು. ಬಲಗಡೆ ಬರಲಿಲ್ಲ. ಐದು, ಆರು ಎಂದು ಅವನು ಎಣಿಸುತ್ತಲೇ ಇದ್ದ, ಹದಿನೇಳರವರೆಗೂ ಎಣಿಸಿದ. ಆಮೇಲೆ ಉಪ್ಪು ಬಿಳಿಯ ಧೂಳಾಗಿ ಎದ್ದಿತು.

ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದವನು ಅವನು. ಅಂದು ಮಾತ್ರ ಗಾಳಿಗೆ ನೆಟ್ಟನೆ ಎದುರಾಗಿ ನಡೆದ. ಮೊಣಕಾಲೂರಿ, ಅಂಟಿದ ಪದರವೊಂದನ್ನು ಉಗುರಿನಿಂದ ಬಿಡಿಸಿದಾಗ ಅದು ಪರ್ರೆಂದು ಸದ್ದುಮಾಡುತ್ತ ಬಿಟ್ಟಿತು. ಅಳುಮುಖದಿಂದ ಬಂದು ನಿಂತ ಗ್ರೇಡಿಗೆ, "ಚೆನ್ನಾಗಿ ಮಡಿಚಿದೀರಪ್ಪ," ಎಂದಷ್ಟೇ ಹೇಳಿದ. ಆಮೇಲೆ ಒಬ್ಬನೇ ಶೆಡ್ಡಿನೊಳಗೆ ಹೋಗಿ ಸ್ವಲ್ಪ ಹೊತ್ತಿದ್ದು ಬಂದ. ಗೋಡೆಯ ಮೇಲಿನ ಪುಟವನ್ನು ಓದಿದನೋ ಇಲ್ಲವೋ ಎಂದು ನಾನು ಇಪ್ಪತ್ತು ವರ್ಷ ಕೊರಗಿದೆ. ಸಮಿತಿ ಅದೇ ವಾರ ದುಂಡು ಪ್ಯಾರಾಶೂಟನ್ನು ಆರಿಸಿತು. ನಮ್ಮ ಗಗನಯಾತ್ರಿಗಳು ಸಮುದ್ರಕ್ಕೇ ಬಿದ್ದರು, ಹಡಗುಗಳೇ ಎತ್ತಿಕೊಂಡವು.

ಟಿಲರಿ ಆ ರೆಕ್ಕೆಯನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟು, ನಿವೃತ್ತನಾದ ಮೇಲೆ ದಕ್ಷಿಣದ ಮರಳುದಿಬ್ಬಗಳ ಕಡಲತೀರಕ್ಕೆ ಮನೆ ಬದಲಿಸಿದ. ಈಗ ಆ ದಿಬ್ಬಗಳಿಂದ ದರ್ಜಿಗಳು, ದಂತವೈದ್ಯರು, ಶಾಲೆಯ ಮೇಡಮ್ಮುಗಳು ಅವನ ರೆಕ್ಕೆಗೆ ಜೋತುಬಿದ್ದು ಹಾರುತ್ತಾರೆ. ದಡದಲ್ಲಿ ಕೂತ ಕಂದು ಕೋಟಿನ ಮುದುಕ ಯಾರೆಂದು ಅವರಿಗೆ ತಿಳಿಯದು. ಗಟ್ಟಿ ವಸ್ತು ಕಟ್ಟಿದವರ ಹೆಸರು ಗಟ್ಟಿಯಾಗಿ ಕಲ್ಲಿನಲ್ಲಿ ಕೂರುತ್ತದೆ. ಬಾಗುವುದನ್ನು, ಮುದುರುವುದನ್ನು ಕೊಟ್ಟವರು ಜನರ ಬಳಕೆಯೊಳಗೆ ತಾವೂ ಮುದುರಿ ಕಾಣದಾಗುತ್ತಾರೆ. ಅಂಥವರ ಮೇಲೆ ಲೋಕ ಎಷ್ಟು ಸಲ ಕೂತರೂ ಒಂದೇ ಸಲ ಒದರಿಕೊಂಡು ಅವರು ಎದ್ದುಬಿಡುತ್ತಾರೆ. ಕೂತವರಿಗೇ ಏಳಲು ವರ್ಷಗಳು ಹಿಡಿಯುತ್ತವೆ.

ಕಳೆದ ಬೇಸಗೆಯಲ್ಲಿ ಅವನ ಪಕ್ಕ ಮರಳಿನಲ್ಲಿ ಕೂತಿದ್ದೆ. ಕೂರುವ ಮುನ್ನ ಕೆಳಗೆ ಏನಿದೆಯೆಂದು ಎರಡು ಸಲ ನೋಡಿಕೊಂಡಿದ್ದೆ. ಕೊನೆಗೂ ಕೇಳಿದೆ: "ಆರ್ಲೊ, ಆ ಎಂಟನೇ ಪುಟ ತಿದ್ದಿದ್ದು ನಾನು ಅಂತ ನಿನಗೆ ಗೊತ್ತಿತ್ತಾ?"

ಅವನು ಬೆರಳನ್ನು ನಾಲಿಗೆಗೆ ತಾಗಿಸಿ, ಎತ್ತಿ ಹಿಡಿದು, ಗಾಳಿ ನೋಡಿದ.

"ಗೊತ್ತಿತ್ತು," ಎಂದ. "ಅಷ್ಟು ವರ್ಷದಲ್ಲಿ ನೀನು ತಿದ್ದಿದ್ದನ್ನ ಒಬ್ಬ ಓದಿದ ನೋಡು, ಅಲ್ಲೇ ಎಡವಟ್ಟಾಗಿದ್ದು."